ಗೆಜ್ಜೆಗೆ ಜೋಳದ ಬೆಂಡು, ಚಿಲಕಕ್ಕೆ ಸ್ಟೀಲ್ ಕಡ್ಡಿ: ಹಿತ್ತಾಳೆ ಟಂಬ್ಲಿಂಗ್‌ನಲ್ಲಿ ನನ್ನ ಅನುಭವ

ಹಿತ್ತಾಳೆ ಸಾಮಾನನ್ನು ತಿರುಗುವ ಡ್ರಮ್ಮಿನಲ್ಲಿ (ಬ್ಯಾರಲ್) ಉಜ್ಜುವ ಕಾಳು ಇಲ್ಲವೇ ಕಡ್ಡಿಯ (ಮೀಡಿಯಾ) ಜೊತೆ ಉರುಳಿಸಿ ಹೊಳಪು ಬರಿಸುವುದೇ ಟಂಬ್ಲಿಂಗ್. ಬ್ಯಾರಲ್‌ಗೆ ಯಾವ ಮೀಡಿಯಾ ಹಾಕಬೇಕು ಅನ್ನುವುದನ್ನು ನಾನು ತೀರ್ಮಾನಿಸುವುದು ಸಾಮಾನಿನ ತೂತು ನೋಡಿ. ಹೊಳಪು ಯಾವುದರಲ್ಲೂ ಬರುತ್ತದೆ, ಹೊತ್ತು ಸ್ವಲ್ಪ ಹೆಚ್ಚುಕಮ್ಮಿ ಅಷ್ಟೆ. ತೂತಿನಲ್ಲಿ ಸಿಕ್ಕಿಬಿದ್ದ ಕಾಳನ್ನು ಸೂಜಿಯಲ್ಲಿ ಕೆದಕಿ ತೆಗೆಯುವುದಕ್ಕೆ ಮಾತ್ರ ಯಾವ ಮಷೀನೂ ಇಲ್ಲ.

ಸಾಗರ, ಹೊಸನಗರದ ಕಡೆ ಕೈಗೆ ಬರುವ ಹಿತ್ತಾಳೆ ಹೆಚ್ಚಾಗಿ ಮೂರು ಬಗೆ: ಯಕ್ಷಗಾನದ ಗೆಜ್ಜೆ, ದನದ ಗಂಟೆ, ಹಳೇ ತೊಟ್ಟಿಮನೆಯ ಚಿಲಕ, ಬೋಲ್ಟು, ಹಿಡಿಗಳು. ಮೂರನ್ನೂ ಒಂದೇ ಬ್ಯಾರಲ್‌ಗೆ ಸುರಿದರೆ ಗಂಟೆಯ ಅಂಚು ಗೆಜ್ಜೆಯನ್ನು ನೆಗ್ಗಿಸುತ್ತದೆ.

ಬ್ಯಾರಲ್ 30 ಸೆಂ.ಮೀ. ವ್ಯಾಸ, 30 ಸೆಂ.ಮೀ. ಉದ್ದದ ಪ್ಲಾಸ್ಟಿಕ್ ಡ್ರಮ್, ಸುಮಾರು 21 ಲೀಟರ್. ಒಳಗೆ 2 ಸೆಂ.ಮೀ. ಎತ್ತರದ ಮೂರು ಪಟ್ಟಿ ಕೂರಿಸಿರಬೇಕು. ಪಟ್ಟಿ ಇಲ್ಲದಿದ್ದರೆ ಒಳಗಿನದು ಉರುಳದೆ ಜಾರುತ್ತಿರುತ್ತದೆ. ವೇಗ ನಿಮಿಷಕ್ಕೆ 30 ಸುತ್ತು. ಈ ವ್ಯಾಸಕ್ಕೆ 77 ಸುತ್ತು ದಾಟಿದರೆ ಸಾಮಾನು ಗೋಡೆಗೇ ಅಂಟಿ ತಿರುಗುತ್ತದೆ. ಅದರ ಅರ್ಧಕ್ಕಿಂತ ಕಡಿಮೆ ಇಟ್ಟರೆ ಹಿತ್ತಾಳೆ ನೆಗ್ಗುವುದಿಲ್ಲ. ಡ್ರಮ್ಮಿಗೆ ಸೀಮೆಸುಣ್ಣದ ಗೆರೆ ಎಳೆದು ಎಣಿಸಿ.

ಗೆಜ್ಜೆ ಬಂದ ಕೂಡಲೇ ಹಗ್ಗ, ಬಟ್ಟೆ, ತೊಗಲು ಎಲ್ಲ ಬಿಚ್ಚಿ ಮ್ಯಾಗ್ನೆಟ್ ಹಿಡಿದು ನೋಡಿ. ಎಳೆದರೆ ಒಳಗಿರುವುದು ಕಬ್ಬಿಣದ ಗುಂಡು. ಅಂಥ ಗೆಜ್ಜೆ ನಿಂಬೆ ಉಪ್ಪಿನ (ಸಿಟ್ರಿಕ್ ಆ್ಯಸಿಡ್) ಹುಳಿ ನೀರಿಗೆ ಇಳಿಯಬಾರದು. ಹುಳಿ ಹಿತ್ತಾಳೆಯಿಂದ ಬಿಡಿಸಿದ ತಾಮ್ರ, ನೀರಲ್ಲಿ ಕಬ್ಬಿಣ ಇದ್ದರೆ ಮತ್ತೆ ಲೋಹದ ಮೇಲೇ ತೆಳುವಾಗಿ ಕೂರುತ್ತದೆ, ಸಾಮಾನು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಗುಂಡಿಗೂ ತುಕ್ಕು, ನಾದವೂ ಹೋಯಿತು. ಆದ್ದರಿಂದ ಗೆಜ್ಜೆಗೆ ಒಣ ಮೀಡಿಯಾವೇ.

ಒಣ ಮೀಡಿಯಾದಲ್ಲಿ ನನ್ನ ಆಯ್ಕೆ ಮೆಕ್ಕೆಜೋಳದ ಬೆಂಡು. ಶಿಕಾರಿಪುರ, ಸೊರಬದ ಕಡೆ ಕಾಳು ಬಿಡಿಸಿದ ಮೇಲೆ ಬೇಕಾದಷ್ಟು ಸಿಗುತ್ತದೆ. ಚೆನ್ನಾಗಿ ಒಣಗಿಸಿ, ಪುಡಿ ಮಾಡಿ, ಎರಡು ಸಲ ಜರಡಿ ಹಿಡಿಯಬೇಕು. ಕಾಳು ತೂತಿನ ಅಗಲದ ಮೂರನೇ ಒಂದಕ್ಕಿಂತ ಸಣ್ಣದಿರಬೇಕು, ಇಲ್ಲವೇ ತೂತಿಗಿಂತ ದೊಡ್ಡದಿರಬೇಕು. ನಡುವಿನ ಅಳತೆಯದು ಎರಡು ಮೂರು ಸೇರಿ ಬಾಯಲ್ಲಿ ಬಿಗಿದುಕೊಳ್ಳುತ್ತದೆ. ಗೆಜ್ಜೆಯ ಸೀಳು 2 ಮಿ.ಮೀ. ಇದ್ದರೆ ಕಾಳು ಅರ್ಧ ಮಿ.ಮೀ. ಆಸುಪಾಸು, ಅಂದರೆ ಬನ್ಸಿ ರವೆಗಿಂತ ಸಣ್ಣ, ಚಿರೋಟಿ ರವೆಗಿಂತ ಸ್ವಲ್ಪ ದಪ್ಪ. ಹಿಟ್ಟಿನಂಥ ಪುಡಿ ಪೂರ್ತಿ ಹೋಗಲಿ, ಅದು ಸೀಳಿನಲ್ಲಿ ಮೆತ್ತಿಕೊಳ್ಳುತ್ತದೆ.

4 ಲೀಟರ್ ಗೆಜ್ಜೆಗೆ 8 ಲೀಟರ್ ಬೆಂಡಿನ ಪುಡಿ. ಕಮ್ಮಿ ತುಂಬಿದರೆ ಗೆಜ್ಜೆಗೆ ಗೆಜ್ಜೆ ತಾಗಿ ಗುಂಡಿ ಬೀಳುತ್ತದೆ. ಪಾಲಿಶ್ ರೂಜ್ (ಹೊಳಪು ಕೊಡುವ ನುಣ್ಣನೆಯ ಪುಡಿ) ಎರಡು ಚಮಚ ಹಾಕುವುದಾದರೆ ಮೊದಲು ಬರೀ ಮೀಡಿಯಾದ ಜೊತೆ ಕಾಲು ಗಂಟೆ ತಿರುಗಿಸಿ, ಆಮೇಲೆ ಸಾಮಾನು. ಒಟ್ಟಿಗೇ ಹಾಕಿದರೆ ರೂಜ್ ಉಂಡೆ ಕಟ್ಟಿ ಸೀಳಿನಲ್ಲೇ ಕೂರುತ್ತದೆ. ಅಂಗೈ ಅಗಲದ ಹಳೇ ಪಂಚೆಯ ತುಂಡು ಎರಡು ಹಾಕಿದರೆ ಧೂಳು ಅದಕ್ಕೆ ಹತ್ತುತ್ತದೆ. ನಾಲ್ಕೈದು ಗಂಟೆ ಬೇಕು. ವಾಲ್‌ನಟ್ ಚಿಪ್ಪಿನ ಪುಡಿ ಇದಕ್ಕಿಂತ ಗಟ್ಟಿ, ಬೇಗ ಕೊರೆಯುತ್ತದೆ, ಆದರೆ ಕಂದು ಧೂಳು ಬಿಡುತ್ತದೆ. ಕಪ್ಪು ದಪ್ಪಗೆ ಕಟ್ಟಿದ್ದರೆ ಅದು, ಬರೀ ಮಂಕಾಗಿದ್ದರೆ ಬೆಂಡು.

ಭತ್ತದ ಉಮಿ ಮಿಲ್ಲಿನಲ್ಲಿ ಅಗ್ಗಕ್ಕೆ ಸಿಗುತ್ತದೆ ಅಂತ ಆಸೆಪಡಬೇಡಿ. ಅದರಲ್ಲಿ ಸಿಲಿಕಾ ಇರುವುದು ನಿಜ, ಆದರೆ ಹಗುರ, ಒತ್ತಡವೇ ಬೀಳುವುದಿಲ್ಲ. ಮೇಲಾಗಿ ಆ ದೋಣಿಯಾಕಾರದ ಸಿಪ್ಪೆ ಗೆಜ್ಜೆಯ ಬಾಯಿಗೆ ಹೇಳಿ ಮಾಡಿಸಿದ ಬಿರಡೆ.

ಮಳೆಗಾಲದಲ್ಲಿ ಬೆಂಡು ಗಾಳಿಯ ತೇವ ಎಳೆದುಕೊಂಡು ಕೆಲಸ ನಿಲ್ಲಿಸುತ್ತದೆ. ಮುಷ್ಟಿಯಲ್ಲಿ ಹಿಂಡಿ ಬಿಡಿ. ಉದುರಿದರೆ ಸರಿ, ಉಂಡೆ ನಿಂತರೆ ಬಾಣಲೆಯಲ್ಲಿ ಸಣ್ಣ ಉರಿಗೆ ಹುರಿಯಬೇಕು. ರೂಜ್ ಅಥವಾ ಹಳೇ ಧೂಳು ಬೆರೆತ ಮೀಡಿಯಾಕ್ಕೆ ಅಡುಗೆಯ ಬಾಣಲೆ ಬೇಡ. ಹಳೇ ಹಿತ್ತಾಳೆಯಲ್ಲಿ ಸೀಸ ಇರಬಹುದು, ಜರಡಿ ಹಿಡಿಯುವಾಗ ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ಹಿಡಿಯಿರಿ.

ಚಿಲಕ, ಹಿಡಿ, ಬೋಲ್ಟಿಗೆ ನೀರಿನ ಟಂಬ್ಲಿಂಗ್. ಕಬ್ಬಿಣದ ಮೊಳೆ, ಸ್ಪ್ರಿಂಗ್ ಇದ್ದರೆ ಮೊದಲೇ ಬಿಚ್ಚಿ. 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ, 1.2 ಮಿ.ಮೀ. ದಪ್ಪ, 6 ಮಿ.ಮೀ. ಉದ್ದ. ಕಡ್ಡಿ 5 ಕೆ.ಜಿ., ಸಾಮಾನು 2 ಕೆ.ಜಿ., ನೀರು 7 ಲೀಟರ್, ನಿಂಬೆ ಉಪ್ಪು ಒಂದು ಮಟ್ಟ ಚಹಾ ಚಮಚ, ಅಂದರೆ ಸುಮಾರು 4 ಗ್ರಾಂ. ಸೋಪಿನ ಬದಲು ಅಂಟುವಾಳ: ಹತ್ತು ಕಾಯಿ ರಾತ್ರಿ ನೆನೆಸಿ, ಕಿವುಚಿ, ಸೋಸಿ. ಹೆಚ್ಚು ಹಾಕಿದರೆ ನೊರೆ ಹಾಸಿಗೆಯಾಗಿ ಕಡ್ಡಿಯ ಪೆಟ್ಟು ತಾಗುವುದಿಲ್ಲ. ಕೆಂಪು ಕಲೆ ಕಟ್ಟುವ ಬೋರ್‌ವೆಲ್ ನೀರು ಬೇಡ, ಸೂರಿನ ಮಳೆ ನೀರು ಒಳ್ಳೆಯದು. ಹುಣಸೆಹುಳಿ ಕೈಯಲ್ಲಿ ತಿಕ್ಕುವುದಕ್ಕೆ ಸರಿ. ಬ್ಯಾರಲ್‌ನಲ್ಲಿ ನಾರು ಸುತ್ತಿಕೊಳ್ಳುತ್ತದೆ.

ಒಂದು ಗಂಟೆಗೆ ತೆರೆದರೆ ನೀರು ಕಪ್ಪಾಗಿರುತ್ತದೆ. ಅದನ್ನು ಬದಲಿಸದೆ ಮುಂದುವರಿಸಿದರೆ ಅದೇ ಕೊಳೆ ಸಾಮಾನಿಗೆ ಬೂದು ಪೊರೆಯಾಗಿ ಕೂರುತ್ತದೆ. ಹೊಸ ನೀರಿನಲ್ಲಿ ಇನ್ನೊಂದು ಗಂಟೆ ಸಾಕು. ಅತಿಯಾದರೆ ಅಂಚು ಮಡಚಿಕೊಳ್ಳುತ್ತದೆ, ಕೆತ್ತಿದ ಹೆಸರು ಮಾಸುತ್ತದೆ. ಅಲ್ಲಲ್ಲಿ ಗುಲಾಬಿ ಮಚ್ಚೆ ಕಂಡರೆ ಹುಳಿ ಹೆಚ್ಚಾಗಿದೆ: ಮೇಲ್ಮೈಯ ಸತು ಹೋಗಿ ತಾಮ್ರ ಉಳಿದಿದೆ. ಉಳಿದ ಕಡ್ಡಿ ಹುಡುಕಲು ಮ್ಯಾಗ್ನೆಟ್ ಆಡಿಸಿ. 304 ಸಾಮಾನ್ಯವಾಗಿ ಮ್ಯಾಗ್ನೆಟ್‌ಗೆ ಅಂಟದ ಸ್ಟೀಲ್ ಆದರೂ ಎಳೆದು ಮಾಡಿದ ಕಡ್ಡಿಯಾದ್ದರಿಂದ ಸ್ವಲ್ಪ ಅಂಟುತ್ತದೆ.

ಬಿಸಿನೀರಲ್ಲಿ ಎರಡು ಸಲ ಜಾಲಿಸಿ, ಫ್ಯಾನಿನ ಕೆಳಗೆ ಒಣಗಿಸಿ. ಬಚ್ಚಲ ಒಲೆಯ ಮೇಲೆ ಬೇಡ, ಹೊಗೆಗೆ ಮತ್ತೆ ಕಪ್ಪಾಗುತ್ತದೆ.

ಅಮೋನಿಯಾ ಇರುವ ಪಾಲಿಶ್ ಮಾತ್ರ ಯಾವ ಮೀಡಿಯಾಕ್ಕೂ ಸೇರಿಸಬಾರದು. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಯ ಹಿತ್ತಾಳೆ ಕಾಡತೂಸುಗಳನ್ನು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಡುತ್ತಿದ್ದರು. ಅವು ತಾವಾಗಿಯೇ ಸೀಳುತ್ತಿದ್ದವು. ಗಂಜಲದ ಅಮೋನಿಯಾ ಮತ್ತು ತಗಡು ಎಳೆಯುವಾಗ ಒಳಗೆ ಉಳಿದ ಬಿಗಿತ ಸೇರಿ ಹಾಗಾಗುತ್ತದೆ ಎಂದು 1921ರಲ್ಲಿ ವಿವರಿಸಲಾಯಿತು. ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂದು ಹೆಸರು. ತಗಡು ಒತ್ತಿ ಮಾಡಿದ ಗೆಜ್ಜೆಯಲ್ಲೂ ಅದೇ ಬಿಗಿತ ಇರುತ್ತದೆ. ಎರಕದ ಗಂಟೆಗೆ ಭಯ ಕಡಿಮೆ. ಗೆಜ್ಜೆಯ ಪೆಟ್ಟಿಗೆ ಕೊಟ್ಟಿಗೆಯ ಅಟ್ಟದಲ್ಲಿದ್ದರೆ ಆರಿದ್ರಾ ಮಳೆ ಹಿಡಿಯುವ ಮೊದಲೇ ಕೆಳಗಿಳಿಸಿ ಮನೆಯೊಳಗೆ ತನ್ನಿ.