‘ಅದನ್ನ ಅದರಲ್ಲಿ ಹಾಕಿ ಇದು ಮಾಡಮ್ಮ’: ಮರೆವಿನ ಕಾಯಿಲೆ ಇರುವವರ ಮಾತಿನ ಜೊತೆ ನನ್ನ ಕೆಲಸ

“ಅದನ್ನ ತೆಗೆದು ಅದರಲ್ಲಿ ಹಾಕಿ ಸ್ವಲ್ಪ ಇದು ಮಾಡಮ್ಮ.”

ಅಜ್ಜಿಯೊಬ್ಬರು ಸೊಸೆಗೆ ಹೇಳಿದ ಈ ವಾಕ್ಯದಲ್ಲಿ ವಿಭಕ್ತಿ ಎಲ್ಲ ಸರಿಯಾಗಿದೆ. ಕ್ರಿಯಾಪದ ತನ್ನ ಜಾಗದಲ್ಲೇ ಇದೆ. ಸೊಸೆಯನ್ನು ‘ಅಮ್ಮ’ ಅಂತ ಕರೆಯೋ ಪ್ರೀತಿಯೂ ಇದೆ. ಇಲ್ಲದಿರುವುದು ವಸ್ತುಗಳ ಹೆಸರು ಮಾತ್ರ. ನಾನು ಸ್ಪೀಚ್ ಥೆರಪಿಸ್ಟ್. ಬೆಂಗಳೂರಿನಲ್ಲಿ ಹಿರಿಯರ ಮನೆಗಳಿಗೇ ಹೋಗಿ ಕೆಲಸ ಮಾಡುತ್ತೇನೆ. ಫೋನ್ ಮಾಡಿದವರು “ಅಮ್ಮನಿಗೆ ಮರೆವು ಜಾಸ್ತಿ ಆಗಿದೆ” ಅನ್ನುತ್ತಾರೆ. ಹೋಗಿ ಸ್ವಲ್ಪ ಹೊತ್ತು ಹರಟಿದರೆ ಹೀಗೆ ಹೆಸರಿಲ್ಲದ ವಾಕ್ಯಗಳು ಕಿವಿಗೆ ಬೀಳುತ್ತವೆ.

ಮರೆವಿನ ಕಾಯಿಲೆಗಳಲ್ಲಿ ಒಂದಾದ ಆಲ್‌ಝೈಮರ್‌ನಲ್ಲಿ ಸಾಮಾನ್ಯವಾಗಿ ಆಗುವುದು ಇದೇ. ವ್ಯಾಕರಣ ಬಹಳ ಕಾಲ ಗಟ್ಟಿಯಾಗಿ ನಿಲ್ಲುತ್ತದೆ, ಹೆಸರುಗಳು ಮೊದಲು ಜಾರುತ್ತವೆ. 1901ರಲ್ಲಿ ಫ್ರಾಂಕ್‌ಫರ್ಟ್‌ನ ಆಸ್ಪತ್ರೆಯಲ್ಲಿ ಡಾ. ಅಲೋಯಿಸ್ ಆಲ್‌ಝೈಮರ್ ಪರೀಕ್ಷೆ ಮಾಡಿದ ಆಗಸ್ಟೆ ಡೇಟರ್ ಅನ್ನುವ ಹೆಂಗಸಿಗೂ ಹೀಗೇ ಆಗಿತ್ತು. ಊಟಕ್ಕೆ ಹೂಕೋಸು, ಮಾಂಸ ತಿನ್ನುತ್ತಿದ್ದರು. ಏನು ತಿನ್ನುತ್ತಿದ್ದೀರಿ ಅಂತ ಕೇಳಿದರೆ “ಪಾಲಕ್” ಅಂದರು. ತಪ್ಪು ಉತ್ತರ ಸರಿ, ಆದರೆ ತರಕಾರಿ ಗುಂಪು ಬಿಟ್ಟು ಹೋಗಿಲ್ಲ ನೋಡಿ. ನಾನು ಮೊದಲು ಗಮನಿಸುವುದು ಇದನ್ನೇ, ತಪ್ಪು ಪದ ಎಷ್ಟು ದೂರದಿಂದ ಬಂತು ಅಂತ.

ವಯಸ್ಸಾದಾಗ ಹೆಸರು ತಡವರಿಸುವುದು ಬೇರೆ. ಮದುವೆ ಮನೆಯಲ್ಲಿ ಹಳೇ ಪರಿಚಯದವರು ಸಿಕ್ಕರೆ ಹೆಸರು ನಾಲಿಗೆ ತುದಿಯಲ್ಲೇ ಇರುತ್ತದೆ, ಬಾಯಿಗೆ ಬರಲ್ಲ. ಮನೆಗೆ ಬಂದು ಸೀರೆ ಮಡಿಸುವಾಗ ತಾನೇ ಬರುತ್ತದೆ. ಅದಕ್ಕೆ ಯಾರೂ ಹೆದರಬೇಕಾಗಿಲ್ಲ. ದಿನಾ ಕೈಯಲ್ಲಿ ಹಿಡಿಯುವ ಸಾಮಾನಿನ ಹೆಸರು ಹೋಗತೊಡಗಿದರೆ, ಅದೂ ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಿದ್ದರೆ, ಆಗ ನೋಡಿಸಬೇಕು.

ಚಿತ್ರ ತೋರಿಸಿ ಹೆಸರು ಕೇಳುವ ಪರೀಕ್ಷೆಗಳಿವೆ. ತುಂಬಾ ಹೆಸರಾದ ಬೋಸ್ಟನ್ ನೇಮಿಂಗ್ ಟೆಸ್ಟ್‌ನಲ್ಲಿ 60 ಚಿತ್ರಗಳು. ಬೀವರ್‌ನಂಥ ಪ್ರಾಣಿಗಳಿರಲಿ, ಅಮೆರಿಕದ ಎಷ್ಟೋ ವಸ್ತುಗಳನ್ನು ನಮ್ಮ ಗಾಂಧಿಬಜಾರಿನ ಅಜ್ಜಿ ಕಂಡೇ ಇರುವುದಿಲ್ಲ. ಅದಕ್ಕೇ ನಾನು ಅಡುಗೆಮನೆಗೆ ಹೋಗುತ್ತೇನೆ. ಸೌಟು, ಲಟ್ಟಣಿಗೆ, ಇಕ್ಕಳ, ಜರಡಿ, ಈಳಿಗೆಮಣೆ, ಒಂದೊಂದಾಗಿ ಟೇಬಲ್ ಮೇಲೆ ಇಡುತ್ತೇನೆ.

ಬಸವನಗುಡಿಯ ಒಬ್ಬ ಅಜ್ಜಿಯದು ಹೇಳುತ್ತೇನೆ. ಮೊದಮೊದಲು ಸೌಟು ತೋರಿಸಿದರೆ “ಚಮಚ” ಅನ್ನುತ್ತಿದ್ದರು. ಕೆಲವು ತಿಂಗಳಾದ ಮೇಲೆ “ಪಾತ್ರೆ”. ಆಮೇಲೆ ಬರೀ “ಅದು”. ಬಾಯಿ ತಡವರಿಸಿದಾಗ ನಾನು ಮೊದಲು ಅರ್ಥದ ಸುಳಿವು ಕೊಡುತ್ತೇನೆ: “ಹುಳಿ ಬಡಿಸೋಕೆ ಬೇಕಲ್ಲ, ಏನಜ್ಜಿ?” ಬರದಿದ್ದರೆ ಮೊದಲ ಅಕ್ಷರ: “ಸೌ...” ಅದಕ್ಕೆ “ಸೌಟು!” ಅಂತ ಥಟ್ಟನೆ ಬಂದರೆ ಪದ ಒಳಗೇ ಇದೆ, ದಾರಿ ಮಾತ್ರ ಕಟ್ಟಿಕೊಂಡಿದೆ. ಅಕ್ಷರ ಕೊಟ್ಟರೂ ಬರದೆ, “ಸೌಟಾ, ಲಟ್ಟಣಿಗೆನಾ?” ಅಂತ ಕೇಳಿದರೂ ಗೊತ್ತಾಗದೆ ಇದ್ದರೆ ಪದದ ಅರ್ಥವೇ ಸವೆಯುತ್ತಿದೆ ಅಂತ ಲೆಕ್ಕ. ಕೊನೆಗೆ ಸುಮ್ನೆ ಕೈಗೆ ಕೊಡುತ್ತೇನೆ. ಆ ಅಜ್ಜಿ ‘ಅದು’ ಅಂದ ಸೌಟನ್ನೇ ತಗೊಂಡು, ಖಾಲಿ ಪಾತ್ರೆಯ ತಳ ಹತ್ತದ ಹಾಗೆ ತಿರುವಿ, ಅಂಚಿಗೆ ಎರಡು ಸಲ ಕುಟ್ಟಿ ಇಟ್ಟರು. ಬಾಯಿಗೆ ಬಾರದ್ದು ಕೈಗೆ ಗೊತ್ತಿತ್ತು. ಸೊಸೆಗೆ ನಾನು ತೋರಿಸಿದ್ದು ಅದನ್ನೇ. ಅಂದಿನಿಂದ ಆ ಮನೆಯಲ್ಲಿ ಏನು ಬೇಕು ಅಂತ ಬಾಯಲ್ಲಿ ಕೇಳುವ ಬದಲು ವಸ್ತುವನ್ನೇ ತಂದು ಎದುರಿಗಿಡುತ್ತಾರೆ.

ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಹೇಳುತ್ತಾರೆ ಅನ್ನುವುದೂ ಒಂದು ಪರೀಕ್ಷೆ. ಒಂದೇ ಅಕ್ಷರದಿಂದ ಶುರುವಾಗುವ ಪದ ಹೇಳಿಸುವುದು ಇನ್ನೊಂದು. ಆಲ್‌ಝೈಮರ್ ಇರುವವರಿಗೆ ಸಾಮಾನ್ಯವಾಗಿ ಮೊದಲನೆಯದೇ ಹೆಚ್ಚು ಕಷ್ಟ. ಶಾಲೆಗೆ ಹೋಗದವರಿಗೆ ಎರಡನೆಯದನ್ನು ನಾನು ಕೇಳುವುದೇ ಇಲ್ಲ. ಅಕ್ಷರ ಕಲಿಯದೇ ಇದ್ದದ್ದಕ್ಕೆ ಕಾಯಿಲೆಯ ಹಣೆಪಟ್ಟಿ ಯಾಕೆ?

ರಾಜಾಜಿನಗರದಲ್ಲಿ ಒಬ್ಬರು ನಿವೃತ್ತ ಕಂಡಕ್ಟರ್. ಬಿಎಂಟಿಸಿ ಇನ್ನೂ ಬಿಟಿಎಸ್ ಆಗಿದ್ದ ಕಾಲದವರು. ಮಗನ ಹೆಸರು ಕೇಳಿದರೆ ಬರಲ್ಲ. “ಮೆಜೆಸ್ಟಿಕ್ ಬಿಟ್ವಿ ಸರ್” ಅಂದರೆ ಸಾಕು: “ಕಾರ್ಪೊರೇಷನ್, ಟೌನ್ ಹಾಲ್, ಮಿನರ್ವ, ಲಾಲ್‌ಬಾಗ್ ವೆಸ್ಟ್ ಗೇಟ್, ಸೌತ್ ಎಂಡ್, ಮುಂದೆ ಹೋಗಿ ಮುಂದೆ ಹೋಗಿ!” ಮಿನರ್ವ ಆದ ಮೇಲೆ ಯಾವುದು ಅಂತ ಬಿಡಿಯಾಗಿ ಕೇಳಿದರೆ ಸುಮ್ಮನಾಗುತ್ತಾರೆ. ಮತ್ತೆ ಮೆಜೆಸ್ಟಿಕ್‌ನಿಂದಲೇ ಹೊರಡಬೇಕು. ಮಗ್ಗಿ, ವಾರದ ಹೆಸರು, ದಾಸರ ಪದ, ಎಲ್ಲವೂ ಹೀಗೇ. ಸರಮಾಲೆಯಾಗಿ ಕೂತದ್ದು ಬಿಡಿಪದಕ್ಕಿಂತ ಹೆಚ್ಚು ದಿನ ಉಳಿಯುತ್ತದೆ. ಇದನ್ನು ಕೇಳಿ “ಸರಿ ಹೋಗ್ತಿದ್ದಾರೆ” ಅಂತ ಮಗ ಖುಷಿಪಟ್ಟರು. ಇಲ್ಲ, ಅದು ಗುಣವಾಗುತ್ತಿರುವ ಲಕ್ಷಣ ಅಲ್ಲ ಅಂತ ಹೇಳಬೇಕಾಯಿತು. ಆದರೆ ಸ್ನಾನಕ್ಕೆ ಬರಲ್ಲ ಅಂತ ಹಟ ಹಿಡಿದಾಗ “ಲಾಸ್ಟ್ ಸ್ಟಾಪ್ ಸರ್, ಇಳೀರಿ” ಅಂದರೆ ನಗುತ್ತಾ ಏಳುತ್ತಾರೆ.

ಮಗನಿಗೆ ತಂದೆಯ ಬಾಯಲ್ಲಿ ತನ್ನ ಹೆಸರು ಕೇಳಬೇಕು ಅಂತ ಆಸೆ. ಸಹಜ ಅಲ್ವಾ. ನಾನು ಮಾತ್ರ ‘ನೋವು’, ‘ನೀರು’, ‘ಬಾತ್‌ರೂಮ್’ ಪದಗಳಿಂದ ಶುರು ಮಾಡಿದೆ. ಮೊದಲು ಉತ್ತರ ನಾನೇ ಹೇಳಿಕೊಡುತ್ತೇನೆ. ತಕ್ಷಣ ಕೇಳುತ್ತೇನೆ, ಸ್ವಲ್ಪ ಬಿಟ್ಟು ಕೇಳುತ್ತೇನೆ, ಸರಿ ಬಂದ ಹಾಗೆಲ್ಲ ಅಂತರ ಹೆಚ್ಚಿಸುತ್ತೇನೆ. ತಪ್ಪಿದರೆ ಊಹೆ ಮಾಡಿಸಲ್ಲ, ಉತ್ತರ ಕೊಟ್ಟು ಹಿಂದಿನ ಅಂತರಕ್ಕೆ ಬರುತ್ತೇನೆ. ಎಲ್ಲ ಪದ ವಾಪಸ್ ಬರಲ್ಲ. ದಿನಕ್ಕೆ ಬೇಕಾದ ನಾಲ್ಕಾರು ನಿಂತರೆ ಮನೆಯಲ್ಲಿ ಜಗಳ ಎಷ್ಟೋ ಕಡಿಮೆ.

ನಮ್ಮೂರಲ್ಲಿ ಇನ್ನೊಂದು ತೊಡಕು, ಭಾಷೆ. ಮಲ್ಲೇಶ್ವರದಲ್ಲಿ ಒಬ್ಬರು ಹುಟ್ಟಿ ಬೆಳೆದದ್ದು ತೆಲುಗಿನಲ್ಲಿ, ಸಂಸಾರ ಮಾಡಿದ್ದು ಕನ್ನಡದಲ್ಲಿ, ಬ್ಯಾಂಕ್ ಕೆಲಸ ಇಂಗ್ಲಿಷಿನಲ್ಲಿ. ಈಗ ಸಂಜೆಯಾದರೆ ತೆಲುಗು ಮಾತ್ರ. ಮೊಮ್ಮಕ್ಕಳಿಗೆ ಅದು ಬಾರದು. ಮನೆಯವರು “ಏನೇನೋ ಬಡಬಡಿಸ್ತಾರೆ” ಅಂದಿದ್ದರು. ಪಕ್ಕದ ಮನೆಯ ತೆಲುಗು ಬಲ್ಲವರನ್ನು ಜೊತೆಗೆ ಕೂರಿಸಿದಾಗ ಈ ಹಿರಿಯರು ಕೇಳುತ್ತಿದ್ದದ್ದು ಮಜ್ಜಿಗೆ ಅಂತ ಗೊತ್ತಾಯಿತು! ಹಾಗಂತ ಹಲವು ಭಾಷೆ ಹಾನಿ ಅಂದುಕೊಳ್ಳಬೇಡಿ. ಈಗ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು ಹೈದರಾಬಾದಿನಲ್ಲಿ ಮರೆವಿನ ಕಾಯಿಲೆಯ 648 ರೋಗಿಗಳನ್ನು ನೋಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಿಗೆ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಈ ವ್ಯತ್ಯಾಸ ಇತ್ತು.

ಮನೆಯವರಿಗೆ ನಾನು ಹಾಕುವ ಮೊದಲ ಷರತ್ತು ಕ್ವಿಜ್ ಬೇಡ ಅಂತ. ಬಂದವರೆಲ್ಲ “ನಾನ್ಯಾರು ಹೇಳಿ ನೋಡೋಣ?” ಅಂತ ಕೇಳಿದರೆ ಯಾರಿಗಾದರೂ ಮುಖ ಸಣ್ಣದಾಗುತ್ತದೆ. “ಅತ್ತೆ, ನಿಮ್ಮ ತಮ್ಮನ ಮಗಳು, ತುಮಕೂರಿಂದ ಬಂದೆ” ಅಂತ ತಾವೇ ಹೇಳಿಕೊಂಡು ಒಳಗೆ ಬರಲಿ. ಟಿವಿ ಆರಿಸಿ, ಎದುರಿಗೆ ಕೂತು, ಒಂದು ವಾಕ್ಯಕ್ಕೆ ಒಂದೇ ವಿಷಯ. ಮಕ್ಕಳ ಜೊತೆ ಆಡುವ ಹಾಗೆ ರಾಗ ಎಳೆದರೆ ಏನೂ ಉಪಯೋಗವಿಲ್ಲ, ಅವರಿಗೆ ಅವಮಾನ ಅಷ್ಟೇ. ವಾಕ್ಯ ಚಿಕ್ಕದಿದ್ದರೆ ಸಾಕು.

ನನಗಿಂತ ಮೊದಲು ಡಾಕ್ಟರ್ ನೋಡಿರಬೇಕು. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕಿವಿ ಮಂದವಾಗಿರುವುದು, ಇವೂ ಇದೇ ವೇಷದಲ್ಲಿ ಬರುತ್ತವೆ. ಮಾತು ಇದ್ದಕ್ಕಿದ್ದಂತೆ ನಿಂತರೆ ಅದು ಸ್ಟ್ರೋಕ್ ಇರಬಹುದು, ಕ್ಷಣವೂ ಕಾಯದೆ ಆಸ್ಪತ್ರೆಗೆ ಓಡಬೇಕು. ನಿಧಾನವಾಗಿ ಹೆಚ್ಚುತ್ತಿದ್ದರೆ, ಅವರ ಒಪ್ಪಿಗೆ ಪಡೆದು ಮನೆಯ ಮಾತನ್ನು ಎರಡು ನಿಮಿಷ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಚಿಕ್ಕಂದಿನಲ್ಲಿ ಯಾವ ಭಾಷೆ, ಈಗ ಯಾವುದು, ಎಷ್ಟನೇ ಕ್ಲಾಸು ಓದಿದ್ದಾರೆ ಅನ್ನುವುದನ್ನು ಚೀಟಿಯಲ್ಲಿ ಬರೆದು, ಎರಡನ್ನೂ ಡಾಕ್ಟರ ಮುಂದೆ ಇಡಿ. ಅಲ್ಲಿ ಹೋದ ಮೇಲೆ ಹಿರಿಯರು ಎಲ್ಲದಕ್ಕೂ “ಚೆನ್ನಾಗಿದ್ದೀನಿ” ಅಂತಾರೆ.