ಕೊಳೆರೋಗದ ಪ್ಯಾರಾ ಮತ್ತು ಕಂಪ್ಯೂಟರಿನ ಪದಸೂಚಿ

ಶಿರಸಿಯಲ್ಲಿ ನನ್ನದು ಅಕ್ಷರ ಜೋಡಣೆ ಮತ್ತು ಪುಟವಿನ್ಯಾಸದ ಅಂಗಡಿ. ಮದುವೆ ಕಾಗದ, ದೇವಸ್ಥಾನದ ಕರಪತ್ರ, ಯಕ್ಷಗಾನದ ಹ್ಯಾಂಡ್‌ಬಿಲ್, ವರ್ಷಕ್ಕೆ ನಾಲ್ಕೈದು ಪುಸ್ತಕ. ಆಗಸ್ಟ್ ಬಂತೆಂದರೆ ಇವೆಲ್ಲ ಹಿಂದಕ್ಕೆ ಸರಿಯುತ್ತವೆ. ಸಹಕಾರಿ ಸಂಘಗಳು ಸೆಪ್ಟೆಂಬರ್ 25ರೊಳಗೆ ವಾರ್ಷಿಕ ಮಹಾಸಭೆ ನಡೆಸಬೇಕು, ಅದಕ್ಕೆ ಮೊದಲೇ ವರದಿ ಅಚ್ಚಾಗಿ ಸದಸ್ಯರ ಕೈ ಸೇರಬೇಕು. ಆ ಒಂದೂವರೆ ತಿಂಗಳು ನನ್ನ ಅಂಗಡಿಯಲ್ಲಿ ಕಂಪ್ಯೂಟರ್ ಒಂದು ದಿನ ಕೈಕೊಟ್ಟರೂ ಹತ್ತು ಸಂಘಗಳ ಕೆಲಸ ನಿಲ್ಲುತ್ತದೆ.

2019ರ ಆಗಸ್ಟಿನ ಒಂದು ಬೆಳಿಗ್ಗೆ ಸಂಘವೊಂದರ ಕಾರ್ಯದರ್ಶಿಗಳು ಕೊಡೆ ಮಡಚಿ ಬಾಗಿಲ ಬಳಿ ಒರಗಿಸಿ ಒಳಗೆ ಬಂದು ಕುಳಿತರು. "ಭಟ್ಟರೇ, ಹಿಂದೆ ಯಾವುದೋ ವರ್ಷ ಅಡಿಕೆಯ ಕೊಳೆರೋಗದ ಬಗ್ಗೆ ಒಂದು ಪ್ಯಾರಾ ಹಾಕಿದ್ದೆವಲ್ಲ, ಚೆನ್ನಾಗಿತ್ತು. ಅದನ್ನೇ ಸ್ವಲ್ಪ ತಿದ್ದಿ ಈ ವರ್ಷಕ್ಕೂ ಹಾಕೋಣ" ಎಂದರು. "ಕುಳಿತಿರಿ, ಈಗಲೇ ಹುಡುಕಿ ಕೊಡುತ್ತೇನೆ" ಎಂದೆ. ಫೋಲ್ಡರ್ ತೆರೆಯಲಿಕ್ಕೇ ಅರ್ಧ ನಿಮಿಷವಾಯಿತು. ಹುಡುಕುವ ಜಾಗದಲ್ಲಿ 'ಕೊಳೆ' ಎಂದು ಕೀಲಿಸಿದರೆ ಅಕ್ಷರಗಳು ಒಂದೊಂದಾಗಿ ತಡವಾಗಿ ಮೂಡಿದವು. ಹಾರ್ಡ್ ಡಿಸ್ಕಿನ ಕೆಂಪು ದೀಪ ಮಿನುಗುವುದನ್ನೇ ಬಿಟ್ಟು ಒಂದೇ ಸಮನೆ ಉರಿಯುತ್ತಿತ್ತು. ಚಹಾ ಮುಗಿಯಿತು, ಪ್ಯಾರಾ ಸಿಗಲಿಲ್ಲ. ಅವರು ಸಂಜೆ ಬರುತ್ತೇನೆಂದು ಹೊರಟರು.

ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದೆ. ಪ್ರೊಸೆಸರಿಗೆ ಹೆಚ್ಚು ಕೆಲಸವಿರಲಿಲ್ಲ, ರ‍್ಯಾಮ್ ಇನ್ನೂ ಖಾಲಿಯಿತ್ತು, ಡಿಸ್ಕ್ ಮಾತ್ರ ನೂರಕ್ಕೆ ನೂರು. ಅದನ್ನು ಹಿಡಿದುಕೊಂಡಿದ್ದದ್ದು ಸರ್ಚ್ ಇಂಡೆಕ್ಸರ್, ಅಂದರೆ ಹುಡುಕಾಟಕ್ಕಾಗಿ ಕಡತಗಳನ್ನು ಮೊದಲೇ ಓದಿ ಸೂಚಿ (ಇಂಡೆಕ್ಸ್) ಮಾಡಿಡುವ ವಿಂಡೋಸಿನ ಪ್ರೋಗ್ರಾಂ. ಪರಿಚಯದ ರಿಪೇರಿಯವರಿಗೆ ಫೋನ್ ಮಾಡಿದಾಗ ಬಂದ ಸಲಹೆ ಒಂದೇ: "ಅದನ್ನು ಬಂದ್ ಮಾಡಿಬಿಡಿ, ಎಲ್ಲರೂ ಹಾಗೆಯೇ ಮಾಡುತ್ತಾರೆ." ಸರ್ವಿಸಸ್ ಪಟ್ಟಿಯಲ್ಲಿ ವಿಂಡೋಸ್ ಸರ್ಚ್ ಎಂಬುದನ್ನು ನಿಲ್ಲಿಸಿ, ಮತ್ತೆ ತಾನಾಗಿ ಶುರುವಾಗದಂತೆ ಡಿಸೇಬಲ್ ಮಾಡಿದೆ. ಕೆಂಪು ದೀಪ ತಣ್ಣಗಾಯಿತು, ಯಂತ್ರ ಹಗುರಾಯಿತು. ಆಗ ಮತ್ತೆ 'ಕೊಳೆ' ಎಂದು ಹುಡುಕಿದೆ. ಹಸಿರು ಪಟ್ಟಿ ಮೇಲೆ ನಿಧಾನವಾಗಿ ತೆವಳಿತು, ಇಪ್ಪತ್ತು ನಿಮಿಷ ಕಳೆದ ಮೇಲೆ ಏನೂ ಇಲ್ಲ ಎಂದಿತು. ಇಂಡೆಕ್ಸ್ ಇಲ್ಲದ ಜಾಗದಲ್ಲಿ ವಿಂಡೋಸ್ ಸಾಮಾನ್ಯವಾಗಿ ಕಡತಗಳ ಹೆಸರನ್ನಷ್ಟೇ ನೋಡುತ್ತದೆ, ಒಳಗಿನ ಬರಹವನ್ನು ತೆರೆಯುವುದಿಲ್ಲ. ಒಳಗೂ ನೋಡು ಎಂದು ಫೋಲ್ಡರ್ ಆಯ್ಕೆಗಳಲ್ಲಿ ಹೇಳಬಹುದು. ಹೇಳಿದರೆ ಪ್ರತಿ ಸಲವೂ ಪ್ರತಿ ಕಡತವನ್ನೂ ಹೊಸದಾಗಿ ತೆರೆದು ಓದುತ್ತಾ ಕೂರುತ್ತದೆ.

ಸಂಜೆ ಕಾರ್ಯದರ್ಶಿಗಳಿಗೆ ಹೊಸದಾಗಿಯೇ ಬರೆದುಕೊಡಿ ಎಂದು ಹೇಳಬೇಕಾಯಿತು. ಇಪ್ಪತ್ತು ವರ್ಷದ ಕೆಲಸ ನನ್ನ ಬಳಿಯೇ ಇದ್ದೂ ಒಂದು ಪ್ಯಾರಾ ತೆಗೆದುಕೊಡಲು ಆಗಲಿಲ್ಲವೆಂಬುದು ರಾತ್ರಿಯಿಡೀ ಕೊರೆಯಿತು. ಬಂದ್ ಮಾಡುವುದು ಪರಿಹಾರವಲ್ಲ ಎಂಬುದು ಅಂದೇ ಖಚಿತವಾಯಿತು.

ಇಂಡೆಕ್ಸರ್ ಮಾಡುವ ಕೆಲಸ ನನಗೆ ಅಪರಿಚಿತವಲ್ಲ. ಸಂಶೋಧನಾ ಗ್ರಂಥಗಳ ಕೊನೆಗೆ ಪದಸೂಚಿ ಮಾಡಿಕೊಟ್ಟವನು ನಾನು. ಪುಟ ಪುಟ ಓದಿ, ಯಾವ ಪದ ಯಾವ ಪುಟದಲ್ಲಿದೆ ಎಂದು ಬರೆದು, ಅಕಾರಾದಿಯಲ್ಲಿ ಜೋಡಿಸುವುದು. ಒಮ್ಮೆ ಮಾಡಿಟ್ಟರೆ ಓದುಗನಿಗೆ ಕ್ಷಣದಲ್ಲಿ ಪುಟ ಸಿಗುತ್ತದೆ, ಆದರೆ ಲೇಖಕರು ಮಧ್ಯದಲ್ಲಿ ಎರಡು ಪುಟ ಸೇರಿಸಿದರೆ ಸೂಚಿಯನ್ನು ಮತ್ತೆ ತಿದ್ದಬೇಕು. ಕಂಪ್ಯೂಟರಿನಲ್ಲಿ ನಡೆಯುವುದೂ ಇದೇ. ಒಂದು ಪ್ರೋಗ್ರಾಂ ಕಡತವನ್ನು ತೆರೆಯುತ್ತದೆ. ಇನ್ನೊಂದು ಅದರೊಳಗಿನ ಬರಹವನ್ನು ಹೊರತೆಗೆಯುತ್ತದೆ. ಬರಹ ಪದಗಳಾಗಿ ತುಂಡಾಗಿ, ಪ್ರತಿ ಪದದ ಮುಂದೆ ಅದಿರುವ ಕಡತಗಳ ಪಟ್ಟಿ ದಾಖಲಾಗುತ್ತದೆ. ವಿಂಡೋಸ್ 10ರಲ್ಲಿ ಈ ಪಟ್ಟಿ ವಿಂಡೋಸ್.ಇಡಿಬಿ ಎಂಬ ಒಂದೇ ದೊಡ್ಡ ಕಡತದಲ್ಲಿರುತ್ತದೆ. ಕಡತ ಬದಲಾದಾಗಲೆಲ್ಲ ಅದನ್ನು ಮತ್ತೆ ಓದಬೇಕು.

ಇದರ ಭಾರ ಯಾಕೆ ಡಿಸ್ಕಿನ ಮೇಲೆಯೇ ಬೀಳುತ್ತದೆ? ನನ್ನದು ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕ್. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಬೇಕಾದ ಜಾಗ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಪಕ್ಕಕ್ಕೆ ಸರಿಯುವ ಹೊತ್ತು ಬೇರೆ. ಚದುರಿದ ಸಣ್ಣ ಸಣ್ಣ ಕಡತಗಳನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸಿನಷ್ಟು ಸಲ ಮಾತ್ರ ಅದು ಜಾಗ ಹುಡುಕಬಲ್ಲದು. ಆ ನೂರನ್ನು ಇಂಡೆಕ್ಸರ್, ಆಂಟಿವೈರಸ್ ಮತ್ತು ನಾನು ಹಂಚಿಕೊಳ್ಳಬೇಕು. ಇಂಡೆಕ್ಸರ್ ತೆರೆಯುವ ಪ್ರತಿ ಕಡತವನ್ನೂ ಆಂಟಿವೈರಸ್ ಕೂಡ ತಪಾಸಣೆ ಮಾಡುತ್ತದೆಂಬುದು ಬಹಳ ಜನರ ಲೆಕ್ಕಕ್ಕೇ ಬರುವುದಿಲ್ಲ.

ಮರುದಿನ ಸರ್ವಿಸನ್ನು ಮತ್ತೆ ಚಾಲೂ ಮಾಡಿ, ರಿಸೋರ್ಸ್ ಮಾನಿಟರಿನ ಡಿಸ್ಕ್ ವಿಭಾಗ ತೆರೆದಿಟ್ಟುಕೊಂಡೆ. ಟಾಸ್ಕ್ ಮ್ಯಾನೇಜರ್ ಯಾರು ಓದುತ್ತಿದ್ದಾರೆಂದು ಹೇಳುತ್ತದೆ, ಇದು ಏನನ್ನು ಓದುತ್ತಿದ್ದಾರೆಂಬುದನ್ನೂ ತೋರಿಸುತ್ತದೆ. ಯಂತ್ರ ನಿಧಾನ ಎನ್ನುವವರೆಲ್ಲ ಮೊದಲು ನೋಡಬೇಕಾದ ಜಾಗ ಇದು. ಕಾಲು ಗಂಟೆ ಕುಳಿತು ಇಂಡೆಕ್ಸರ್ ಓದುತ್ತಿದ್ದ ಕಡತಗಳ ವಿಳಾಸಗಳನ್ನು ಕಾಗದದ ಮೇಲೆ ಬರೆದುಕೊಂಡೆ. ಸುಮಾರು ಎಲ್ಲವೂ ಒಂದೇ ಕಡೆಯವು. ಮೇ ತಿಂಗಳಲ್ಲಿ ಹಳೆಯ ಸಿಡಿಗಳನ್ನೂ ಎರಡು ಎಕ್ಸ್‌ಟರ್ನಲ್ ಡಿಸ್ಕುಗಳನ್ನೂ ಡಾಕ್ಯುಮೆಂಟ್ಸ್ ಫೋಲ್ಡರಿಗೆ ಸುರಿದಿದ್ದೆ. ಒಂದೇ ಪುಸ್ತಕ ಮೂರು ಕಡೆ, ಒಂದೇ ವರದಿ ನಾಲ್ಕು ಕಡೆ. ಇಂಡೆಕ್ಸರಿನ ಆಯ್ಕೆಗಳಿರುವ ಇಂಡೆಕ್ಸಿಂಗ್ ಆಪ್ಷನ್ಸ್ ತೆರೆದಾಗ ಇಂಡೆಕ್ಸ್ ಆದ ಕಡತಗಳ ಎಣಿಕೆ 4 ಲಕ್ಷ ದಾಟಿತ್ತು. ಆ ಸಂಖ್ಯೆ ದಾಟಿದ ಮೇಲೆ ತೊಂದರೆ ಕಾಣಿಸಿಕೊಳ್ಳಬಹುದೆಂದು ಮೈಕ್ರೋಸಾಫ್ಟಿನ ಕೈಪಿಡಿಯೇ ಎಚ್ಚರಿಸುತ್ತದೆ. ಜೊತೆಗೆ, ಬಳಸುವವರು ಕೆಲಸದಲ್ಲಿದ್ದಾಗ ಇಂಡೆಕ್ಸರ್ ವೇಗ ತಗ್ಗಿಸಿಕೊಂಡು, ಯಂತ್ರ ಬಿಡುವಾಗಿದ್ದಾಗ ಪೂರ್ತಿ ಓದುತ್ತದೆ. ನಾನು ಬೆಳಿಗ್ಗೆ ಒಂಬತ್ತಕ್ಕೆ ಹಚ್ಚಿ ರಾತ್ರಿ ಎಂಟಕ್ಕೆ ಆರಿಸುವವನು. ಬಿಡುವೆಂಬುದನ್ನೇ ಅದಕ್ಕೆ ಕೊಡುತ್ತಿರಲಿಲ್ಲ. ಒಂದೆರಡು ದಿನದಲ್ಲಿ ಮುಗಿಯಬೇಕಾದ ಕೆಲಸ ಮೂರು ತಿಂಗಳಿನಿಂದ ಎಳೆದುಕೊಂಡು ಬಂದಿತ್ತು.

ಇನ್ನೊಂದು ಕಾರಣ ನಮ್ಮ ಭಾಷೆಗೆ ಸಂಬಂಧಿಸಿದ್ದು. ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಕಾರ್ಯದರ್ಶಿಗಳ ಪ್ಯಾರಾವನ್ನು ಕೊನೆಗೆ ಕೈಯಾರೆ ಒಂದೊಂದೇ ವರ್ಷದ ವರದಿ ತೆರೆದು ಹುಡುಕಿದೆ. 2011ರ ವರದಿಯಲ್ಲಿ, ಐದನೆಯ ಪುಟದಲ್ಲಿ ಸಿಕ್ಕಿತು. 'ಕೊಳೆರೋಗ' ಎಂಬ ಪದ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿದೆ, ಕಡತವೂ ಇಂಡೆಕ್ಸ್ ಆಗಿದೆ. ಮತ್ತೆ ಯಾಕೆ ಸಿಗಲಿಲ್ಲ? ಆ ಕಡತವಿದ್ದದ್ದು ಆಸ್ಕಿ ಫಾಂಟಿನಲ್ಲಿ. ಪ್ರತಿ ಭಾಷೆಯ ಅಕ್ಷರಗಳಿಗೂ ತಮ್ಮದೇ ಸಂಕೇತ ಸಂಖ್ಯೆ ಕೊಡುವುದು ಯೂನಿಕೋಡ್. ಅದಕ್ಕೆ ಮುಂಚಿನ ಕಾಲದ ಈ ವ್ಯವಸ್ಥೆಯಲ್ಲಿ ಪರದೆಯ ಮೇಲಿರುವುದು ಕನ್ನಡದ ರೂಪವಷ್ಟೇ, ಕಡತದೊಳಗಿರುವುದು ಐರೋಪ್ಯ ಅಕ್ಷರಗಳು. ಅಂಥ ಬರಹದಲ್ಲಿನ 'ಕನ್ನಡ' ಎಂಬ ಪದದ ಫಾಂಟ್ ಬದಲಿಸಿ ನೋಡಿ: ಮೊದಲು ಪಿ, ಆಮೇಲೆ ತಲೆಯ ಮೇಲೆ ಓರೆ ಗೀಟಿರುವ ಎ, ಬಳಿಕ ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಮ್ಮೆ ಗೀಟಿನ ಎ. ಇಂಡೆಕ್ಸರಿಗೆ ಕಾಣುವುದು ಇದು. ನಾನು ಹುಡುಕುವ ಜಾಗದಲ್ಲಿ ಕೀಲಿಸುವುದು ಯೂನಿಕೋಡ್ ಕನ್ನಡ. ಎರಡೂ ಯಾವತ್ತೂ ಸಂಧಿಸುವುದಿಲ್ಲ.

ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶಕ್ಕೆ ಯೂನಿಕೋಡ್ ಬರುತ್ತಿರಲಿಲ್ಲ. ಆದ್ದರಿಂದ ಅಚ್ಚಿನ ಕೆಲಸದವರು ಬಹಳ ವರ್ಷ ಆಸ್ಕಿಯಲ್ಲಿಯೇ ಉಳಿದೆವು. ವರ್ಡ್ ಕಡತಗಳು, ಅದರಿಂದ ಮಾಡಿದ ಪಿಡಿಎಫ್‌ಗಳು, ಎಲ್ಲವೂ ಹಾಗೆಯೇ. ನನ್ನ ಯಂತ್ರ ಮೂರು ತಿಂಗಳು ಹಗಲೆಲ್ಲ ಏದುಸಿರು ಬಿಡುತ್ತಾ ಓದುತ್ತಿದ್ದದ್ದು ಬಹುಪಾಲು ಇಂಥ ಕಡತಗಳನ್ನು. ಇಷ್ಟೆಲ್ಲ ದುಡಿದು ಅದು ಬರೆದಿಟ್ಟ ಪದಸೂಚಿಯಲ್ಲಿ ಯಾರೂ ಎಂದೂ ಹುಡುಕದ ಪದಗಳೇ ತುಂಬಿದ್ದವು. ಇದು ತಿಳಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಕನ್ನಡದಲ್ಲಿ ಕೆಲಸ ಮಾಡುವ ಎಷ್ಟೋ ಕಚೇರಿ, ಮುದ್ರಣಾಲಯ, ವಕೀಲರ ಕೊಠಡಿಗಳ ಕಂಪ್ಯೂಟರುಗಳು ಈಗಲೂ ಇದೇ ವ್ಯರ್ಥ ದುಡಿಮೆ ಮಾಡುತ್ತಿರಬಹುದು.

ಭಾನುವಾರ ಅಂಗಡಿಯ ಬಾಗಿಲು ಹಾಕಿ ಕುಳಿತೆ. ಮೊದಲು ಹಳೆಯ ಬ್ಯಾಕಪ್ ಎಲ್ಲವನ್ನೂ ಡಾಕ್ಯುಮೆಂಟ್ಸ್‌ನಿಂದ ತೆಗೆದು, ಡಿ ಡ್ರೈವಿನಲ್ಲಿ 'ಹಳೆಯದು' ಎಂಬ ಫೋಲ್ಡರಿಗೆ ಸಾಗಿಸಿದೆ. ಇಂಡೆಕ್ಸಿಂಗ್ ಆಪ್ಷನ್ಸ್‌ನ ಮಾಡಿಫೈ ಒತ್ತಿ ಆ ಡ್ರೈವಿನ ಗುರುತು ತೆಗೆದೆ. ಲೆಕ್ಕದ ತಂತ್ರಾಂಶದ ಡೇಟಾ ಫೋಲ್ಡರನ್ನೂ ತೆಗೆದೆ. ದಿನವಿಡೀ ಬದಲಾಗುವ ಕಡತಗಳು ಅಲ್ಲಿದ್ದವು, ಪ್ರತಿ ಬಿಲ್ಲಿಗೂ ಮರು ಓದು ನಡೆಯುತ್ತಿತ್ತು. ಆಮೇಲೆ ಅಡ್ವಾನ್ಸ್‌ಡ್‌ ಒಳಗಿನ ಫೈಲ್ ಟೈಪ್ಸ್. ಅಲ್ಲಿ ಪ್ರತಿ ಬಗೆಯ ಕಡತಕ್ಕೂ ಎರಡು ಆಯ್ಕೆಗಳಿವೆ: ಹೆಸರು, ದಿನಾಂಕದಂಥ ಗುಣಗಳಷ್ಟೇ ಸಾಕು, ಅಥವಾ ಒಳಗಿನ ಬರಹವೂ ಬೇಕು. ಎಕ್ಸ್‌ಎಂಎಲ್, ಲಾಗ್, ಸಿಎಸ್‌ವಿ ಇವಕ್ಕೆಲ್ಲ ಗುಣಗಳಷ್ಟೇ ಸಾಕು ಎಂದೆ. ವರ್ಡಿನ ಡಾಕ್ಸ್ ಕಡತಗಳಿಗೆ ಬರಹವೂ ಬೇಕು. ಪಿಡಿಎಫ್ ವಿಷಯದಲ್ಲಿ ಸ್ವಲ್ಪ ಹೊತ್ತು ಯೋಚಿಸಿದೆ. ನನ್ನಲ್ಲಿರುವವು ಒಂದೋ ಆಸ್ಕಿಯವು, ಇಲ್ಲವೇ ಸ್ಕ್ಯಾನ್ ಮಾಡಿದ ಚಿತ್ರಗಳು. ಎರಡರಲ್ಲೂ ಹುಡುಕಲು ಸಿಗುವ ಕನ್ನಡವಿಲ್ಲ. ಅವಕ್ಕೂ ಗುಣಗಳಷ್ಟೇ ಸಾಕೆಂದೆ.

ಕೊನೆಗೆ ರೀಬಿಲ್ಡ್ ಒತ್ತಿದೆ. ಹಳೆಯ ಸೂಚಿಯನ್ನು ಪೂರ್ತಿ ಅಳಿಸಿ ಹೊಸದಾಗಿ ಬರೆಯುವ ಆಜ್ಞೆ ಇದು. ರಾತ್ರಿ ಬಿಡಬಹುದಿತ್ತು, ಆದರೆ ನಮ್ಮ ಕಡೆ ಮಳೆಗಾಲದ ರಾತ್ರಿಯ ಕರೆಂಟನ್ನು ನಂಬುವಂತಿಲ್ಲ. ಹಗಲಲ್ಲೇ ಎದುರಿಗೆ ಕುಳಿತು, ಮೌಸ್ ಮುಟ್ಟದೆ, ಒಂದು ಪುಸ್ತಕದ ಕರಡನ್ನು ಕಾಗದದ ಮೇಲೆ ತಿದ್ದುತ್ತಾ ಕಳೆದೆ. ಮಧ್ಯಾಹ್ನದ ಊಟ ಮುಗಿಸಿ ಬರುವಷ್ಟರಲ್ಲಿ ಇಂಡೆಕ್ಸಿಂಗ್ ಮುಗಿದಿದೆ ಎಂಬ ಸಾಲು ಕಾಣಿಸಿಕೊಂಡಿತು. ಎಣಿಕೆ ಮೂವತ್ತು ಸಾವಿರದೊಳಗೆ ಇಳಿದಿತ್ತು. 14 ಜಿಬಿಗೆ ಬೆಳೆದಿದ್ದ ಇಡಿಬಿ ಕಡತ ಒಂದು ಜಿಬಿಗೂ ಕಡಿಮೆಯಾಗಿತ್ತು. ಸೋಮವಾರ ಬೆಳಿಗ್ಗೆ ಕೆಂಪು ದೀಪ ಎರಡು ನಿಮಿಷ ಉರಿದು ಸುಮ್ಮನಾಯಿತು.

'ಹಳೆಯದು' ಫೋಲ್ಡರಿನಲ್ಲಿ ಹೆಸರಿನಿಂದ ಹುಡುಕಲು ಎವೆರಿಥಿಂಗ್ ಎಂಬ ಸಣ್ಣ ತಂತ್ರಾಂಶ ಹಾಕಿಕೊಂಡೆ. ಅದು ಕಡತಗಳನ್ನು ತೆರೆಯುವುದಿಲ್ಲ. ವಿಂಡೋಸ್ ಸಾಮಾನ್ಯವಾಗಿ ಬಳಸುವ ಎನ್‌ಟಿಎಫ್‌ಎಸ್ ಡಿಸ್ಕಿನಲ್ಲಿ ಎಲ್ಲ ಕಡತಗಳ ಹೆಸರಿರುವ ಮೂಲ ಪಟ್ಟಿಯೊಂದು ಇದ್ದೇ ಇರುತ್ತದೆ, ಅದನ್ನೇ ನೇರವಾಗಿ ಓದಿಕೊಳ್ಳುತ್ತದೆ. ಲಕ್ಷಾಂತರ ಹೆಸರುಗಳಿಗೆ ಕೆಲವೇ ಸೆಕೆಂಡು ಸಾಕು, ಆಮೇಲೆ ಬದಲಾವಣೆಗಳನ್ನಷ್ಟೇ ಗಮನಿಸುತ್ತಿರುತ್ತದೆ. ಕಡತಗಳಿಗೆ ವರ್ಷ ಮತ್ತು ಸಂಘದ ಹೆಸರು ಸೇರಿಸಿ ಹೆಸರಿಡುವ ನನ್ನ ಹಳೆಯ ರೂಢಿ ಇಲ್ಲಿ ಬಹಳ ಉಪಕಾರಕ್ಕೆ ಬಂತು.

ಹುಡುಕುವ ರೀತಿಯನ್ನೂ ತಿದ್ದಿಕೊಂಡೆ. ನಮ್ಮ ಪದಗಳಿಗೆ ವಿಭಕ್ತಿ ಕೊನೆಯಲ್ಲಿ ಅಂಟುತ್ತದೆ. ವಿಂಡೋಸ್ ಪದದ ಆರಂಭ ಹೊಂದಿದರೆ ಸಾಕೆಂದು ಹುಡುಕುವುದರಿಂದ 'ಕೊಳೆ' ಎಂದರೆ ಕೊಳೆರೋಗದಿಂದ, ಕೊಳೆರೋಗಕ್ಕೆ ಎಲ್ಲವೂ ಬರುತ್ತವೆ, ಬಿಡಿಸಿ ಬರೆದ 'ಕೊಳೆ ರೋಗ'ವೂ ಸಿಗುತ್ತದೆ. ಉಕಾರಾಂತ ಪದಗಳಲ್ಲಿ ಮಾತ್ರ ಎಚ್ಚರ ಬೇಕು. 'ಹಾಲು' ಎಂದು ಕೀಲಿಸಿದರೆ 'ಹಾಲಿನ ದರ' ಸಿಗದು, ಉಕಾರ ಬಿಟ್ಟು 'ಹಾಲ' ಎಂದಷ್ಟೇ ಕೀಲಿಸಬೇಕು.

ಎರಡು ವರ್ಷದ ಬಳಿಕ ಸಿ ಡ್ರೈವಿಗೆ ಎಸ್‌ಎಸ್‌ಡಿ ಹಾಕಿಸಿದೆ. ತಿರುಗುವ ತಟ್ಟೆ, ಸರಿಯುವ ಮುಳ್ಳು ಅದರಲ್ಲಿಲ್ಲ, ಇಂಡೆಕ್ಸರ್ ಓಡುತ್ತಿದೆಯೆಂಬುದೇ ಈಗ ಗೊತ್ತಾಗುವುದಿಲ್ಲ. ಹಣವಿದ್ದವರು ಇದನ್ನೇ ಮೊದಲು ಮಾಡಲಿ. ಆದರೆ ಆಸ್ಕಿ ಕಡತದಲ್ಲಿನ ಕೊಳೆರೋಗವನ್ನು ಎಸ್‌ಎಸ್‌ಡಿಯೂ ಹುಡುಕಿಕೊಡುವುದಿಲ್ಲ.

ಅದಕ್ಕಿರುವ ದಾರಿ ಕಡತಗಳನ್ನು ಯೂನಿಕೋಡಿಗೆ ತರುವುದೊಂದೇ. 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳೆರಡರ ಜೊತೆಗೂ ಪರಿವರ್ತಕಗಳು ಬರುತ್ತವೆ. ಮಳೆಗಾಲದ ಸಂಜೆಗಳಲ್ಲಿ ದಿನಕ್ಕೆ ಹತ್ತು ಕಡತ ಎಂದು ಹಿಡಿದೆ. ಪರಿವರ್ತನೆಯಾದ ಮೇಲೆ ಅರ್ಕಾವತ್ತನ್ನು ಕಣ್ಣಿಟ್ಟು ನೋಡಬೇಕು. ಆಸ್ಕಿಯಲ್ಲಿ ಅದು ವ್ಯಂಜನದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮೊದಲು ಬರಬೇಕು. ಸ್ಥಾನ ತಪ್ಪಿದರೆ 'ವಾರ್ಷಿಕ' ಎಂಬ ಪದವೇ ಕೆಟ್ಟುಹೋಗುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ. ತಿದ್ದಿದ ಪ್ರತಿಯನ್ನು ಇಂಡೆಕ್ಸ್ ಆಗುವ ಫೋಲ್ಡರಿನಲ್ಲಿ ಉಳಿಸುತ್ತೇನೆ, ಮೂಲವನ್ನು 'ಹಳೆಯದು' ಒಳಗೇ ಬಿಡುತ್ತೇನೆ.

2011ರ ಆ ವರದಿಯನ್ನೇ ಮೊದಲು ಮಾಡಿದೆ. ಮುಂದಿನ ಮಳೆಗಾಲದಲ್ಲಿ ಕಾರ್ಯದರ್ಶಿಗಳು ಮತ್ತೆ ಬಂದಾಗ, ಅವರು ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಪ್ಯಾರಾ ಪರದೆಯ ಮೇಲಿತ್ತು. "ಇದೇ, ಇದೇ" ಎಂದು ಕನ್ನಡಕ ಸರಿಮಾಡಿಕೊಂಡು ಪೂರ್ತಿ ಓದಿದರು. 2004ರಿಂದ 2008ರವರೆಗಿನ ಕಡತಗಳು ಇನ್ನೂ ಬಾಕಿ ಇವೆ.