ನೋವು ಕೀಲಿನದಾ, ಸುತ್ತಲಿನದಾ, ಬೇರೆ ಕಡೆಯದಾ? ನಾನು ಪರೀಕ್ಷೆ ಮಾಡುವ ರೀತಿ

ಭುಜ, ಮಂಡಿ, ಸೊಂಟ, ಹಿಮ್ಮಡಿ, ನೋವು ಎಲ್ಲೇ ಇರಲಿ, ಫಿಸಿಯೋಥೆರಪಿಸ್ಟ್ ಆಗಿ ನಾನು ಮೊದಲು ತಿಳಿದುಕೊಳ್ಳಬೇಕಾದದ್ದು ಒಂದೇ. ಈ ನೋವು ಕೀಲಿನ ಒಳಗಿನದಾ? ಸುತ್ತಲಿನ ಸ್ನಾಯು, ಅದನ್ನು ಮೂಳೆಗೆ ಕಟ್ಟುವ ಟೆಂಡನ್, ಮೂಳೆಗೆ ಮೂಳೆ ಕಟ್ಟುವ ಲಿಗಮೆಂಟಿನದಾ? ಅಥವಾ ಬೇರೆಲ್ಲೋ ಹುಟ್ಟಿ ಇಲ್ಲಿ ಕಾಣಿಸಿಕೊಳ್ಳುತ್ತಿದೆಯಾ? ಇಷ್ಟು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಟೆಸ್ಟುಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿಕೊಂಡು ಬರುತ್ತಾರೆ. ಭುಜ ಒಂದಕ್ಕೇ ಹತ್ತಾರು ಇವೆ. ನಾನೂ ಬಳಸುತ್ತೇನೆ, ಆದರೆ ಕೊನೆಯಲ್ಲಿ, ಅದೂ ಒಂದೋ ಎರಡೋ. ಅಷ್ಟು ಹೊತ್ತಿಗೆ ಉತ್ತರ ಹೆಚ್ಚುಕಡಿಮೆ ಸಿಕ್ಕಿರುತ್ತದೆ.

"ಎಲ್ಲಿ ನೋವು?" ಅಂತ ಕೇಳಿದಾಗ ಅವರ ಮಾತಿಗಿಂತ ಜಾಸ್ತಿ ಅವರ ಕೈಯನ್ನು ಗಮನಿಸುತ್ತೇನೆ. ಒಂದು ಬೆರಳಿಟ್ಟು "ಇಲ್ಲೇ, ಸರಿಯಾಗಿ ಇಲ್ಲೇ" ಅಂದರೆ ಸಾಮಾನ್ಯವಾಗಿ ಟೆಂಡನ್ನೋ ಲಿಗಮೆಂಟೋ ಇರುತ್ತದೆ. ಅಂಗೈಯಿಂದ ಸವರಿ "ಈ ಭಾಗ ಪೂರ್ತಿ" ಅಂದರೆ ಕೀಲಿನ ಒಳಗಿನದೋ, ದೂರದಿಂದ ಇಳಿದು ಬಂದದ್ದೋ ಇರಬಹುದು. ಭುಜ ನೋವು ಅಂತ ಬಂದವರು ಕುತ್ತಿಗೆಯ ಪಕ್ಕ ಹಿಡಿದುಕೊಂಡರೆ ನಾನು ಕುತ್ತಿಗೆಯಿಂದಲೇ ಶುರು ಮಾಡುತ್ತೇನೆ. ಭುಜದ ಕೀಲಿನದೇ ನೋವಾದರೆ ಅದು ಹೆಚ್ಚಾಗಿ ತೋಳಿನ ಹೊರಬದಿಯಲ್ಲಿ ಕಾಣಿಸುತ್ತದೆ.

ಮುಂದಿನ ಪ್ರಶ್ನೆ ಬೆಳಗಿನ ಬಿಗಿತದ್ದು. "ಎಷ್ಟು ಹೊತ್ತು ಬಿಗಿಯಾಗಿರುತ್ತೆ?" ಅಂದರೆ ಎಲ್ಲರೂ "ಸ್ವಲ್ಪ ಹೊತ್ತು" ಅನ್ನುತ್ತಾರೆ. ಅದಕ್ಕೇ ನಾನು "ಎದ್ದ ಎಷ್ಟು ಹೊತ್ತಿಗೆ ಶರ್ಟಿನ ಗುಂಡಿ ಸಲೀಸಾಗಿ ಹಾಕಿಕೊಳ್ಳುತ್ತೀರಿ?" ಅಂತ ಕೇಳುತ್ತೇನೆ. ಸವೆತದ ಕೀಲಾದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ, ಓಡಾಡಿದಷ್ಟೂ ಸಂಜೆಗೆ ನೋವು ಏರುತ್ತದೆ. ರುಮಟಾಯ್ಡ್ ತರಹದ ಉರಿಯೂತದ ಸಂಧಿವಾತದಲ್ಲಿ ಬಿಗಿತ ಒಂದು ಗಂಟೆಗೂ ಮೀರಬಹುದು, ಕೈಕಾಲು ಆಡಿಸಿದರೆ ಹಿತ ಅನಿಸುತ್ತದೆ. ಎರಡೂ ಕೈಗಳ ಬೆರಳ ಬುಡದ ಗೆಣ್ಣುಗಳು ಊದಿವೆ, ಬಿಗಿತವೂ ಇಷ್ಟು ಹೊತ್ತು ಇರುತ್ತದೆ ಅಂದರೆ ನಾನು ವ್ಯಾಯಾಮ ಹೇಳಿಕೊಟ್ಟು ಕಳಿಸುವುದಿಲ್ಲ. ಸಂಧಿವಾತದ ತಜ್ಞರಾದ ರುಮಟಾಲಜಿಸ್ಟ್ ಹತ್ತಿರ ಬೇಗ ಹೋಗಿ ಅನ್ನುತ್ತೇನೆ.

ಪೆಟ್ಟು ಬಿದ್ದ ಮಂಡಿಯಲ್ಲಿ ಕೇಳಲೇಬೇಕಾದದ್ದು, ಊತ ಯಾವಾಗ ಬಂತು ಅನ್ನುವುದು. ಆಟದ ಮೈದಾನದಲ್ಲಿ ಕಾಲು ತಿರುಚಿತು, ಒಂದೆರಡು ಗಂಟೆಯಲ್ಲೇ ಮಂಡಿ ದಪ್ಪಗಾಯಿತು ಅಂದರೆ ಒಳಗೆ ರಕ್ತ ತುಂಬಿದೆ ಅಂತ ಊಹಿಸಬೇಕು. ಮಂಡಿಯೊಳಗಿನ ಮುಂಭಾಗದ ಕ್ರೂಸಿಯೇಟ್ ಲಿಗಮೆಂಟ್, ಅಂದರೆ ಎಸಿಎಲ್, ಹರಿದಿರಬಹುದು. ಮೂಳೆಯೂ ಬಿರುಕು ಬಿಟ್ಟಿರಬಹುದು. ಮಾರನೇ ದಿನ ಎದ್ದಾಗ ಊದಿಕೊಂಡಿತ್ತು ಅಂದರೆ ಮಂಡಿಯೊಳಗೆ ಮೆತ್ತೆಯ ಹಾಗಿರುವ ಮೆನಿಸ್ಕಸ್ ಕಡೆಗೆ ಅನುಮಾನ ಜಾಸ್ತಿ. "ಟಕ್ ಅಂತ ಸದ್ದು ಬಂತು, ಆಮೇಲೆ ಕಾಲೂರಿದರೆ ಮಂಡಿ ಜಾರಿದ ಹಾಗೆ ಆಗುತ್ತೆ" ಅಂತ ಅವರೇ ಹೇಳಿದರೆ ಎಸಿಎಲ್ ಅನುಮಾನ ಇನ್ನೂ ಗಟ್ಟಿಯಾಗುತ್ತದೆ.

ಕೈಯಿಡುವ ಮೊದಲೇ ತಳ್ಳಿಹಾಕಬೇಕಾದ ಕೆಲವು ಇವೆ. ಒಂದೇ ಕೀಲು ಕೆಂಪಾಗಿ, ಬಿಸಿಯಾಗಿ ಊದಿದೆ, ಒಂದಿಷ್ಟೂ ಆಡಿಸಲು ಬಿಡುತ್ತಿಲ್ಲ ಅಂದರೆ ಕೀಲಿಗೆ ಸೋಂಕು ಅಂತಲೇ ಮೊದಲು ಲೆಕ್ಕ. ಜ್ವರ ಇಲ್ಲದಿದ್ದರೂ ಅಷ್ಟೇ. ಅದೇ ದಿನ ಆಸ್ಪತ್ರೆಗೆ ಹೋಗಿ ಸೂಜಿಯಿಂದ ನೀರು ತೆಗೆಸಿ ನೋಡಬೇಕು. ಸೊಂಟ ನೋವಿನ ಜೊತೆ ಮೂತ್ರ ಕಟ್ಟಿಕೊಂಡಿದೆ, ಕೂರುವ ಜಾಗ ಮರಗಟ್ಟಿದೆ, ಎರಡೂ ಕಾಲು ಸೋಲುತ್ತಿವೆ ಅಂದರೆ ಅದೂ ಅದೇ ದಿನದ ಕೆಲಸ. ಕಾರಣವಿಲ್ಲದೆ ತೂಕ ಇಳಿದಿರುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಮಲಗಿದರೂ ಬಿಡದ ರಾತ್ರಿ ನೋವು, ಇವನ್ನೂ ಕೇಳುತ್ತೇನೆ. ಮುಜುಗರ ಅಂತ ಮೂತ್ರದ ಪ್ರಶ್ನೆ ಬಿಡುವವರಿದ್ದಾರೆ. ಬಿಡಬಾರದು. ನೇರವಾಗಿ ಕೇಳಿದರೆ ಜನ ನೇರವಾಗಿಯೇ ಹೇಳುತ್ತಾರೆ.

ಇನ್ನು ಪರೀಕ್ಷೆ. ನೋಡು, ಮುಟ್ಟು, ಆಡಿಸು. ಬ್ರಿಟನ್ನಿನ ಮೂಳೆ ಸರ್ಜನ್ ಅಲನ್ ಗ್ರಹಾಂ ಏಪ್ಲಿ ಕಲಿಸಿಕೊಟ್ಟ ಈ ಕ್ರಮವನ್ನು ನಾನು ತಪ್ಪಿಸುವುದಿಲ್ಲ. ನೋಡುವುದು ಬಾಗಿಲಿನಿಂದಲೇ ಶುರು. ನೋವಿರುವ ಕಾಲಿನ ಮೇಲೆ ಕಡಿಮೆ ಹೊತ್ತು ನಿಲ್ಲುತ್ತಾರಾ? ಕುರ್ಚಿಯಿಂದ ಏಳುವಾಗ ಕೈ ಊರುತ್ತಾರಾ? ಒಂಟಿಕಾಲಲ್ಲಿ ನಿಂತಾಗ ಎದುರು ಬದಿಯ ಸೊಂಟ ಕೆಳಗೆ ಜಾರುತ್ತದಾ? ಆಮೇಲೆ ಅನುಮತಿ ಕೇಳಿ ಎರಡೂ ಕಾಲು ತೊಡೆಯವರೆಗೆ ಕಾಣುವ ಹಾಗೆ ಮಾಡಿಸುತ್ತೇನೆ. ಪ್ಯಾಂಟನ್ನು ಮಂಡಿವರೆಗೆ ಮಡಚಿ ನೋಡಿದರೆ ಪ್ರಯೋಜನ ಇಲ್ಲ. ಮಂಡಿ ಕೆಟ್ಟರೆ ಮೊದಲು ಸೊರಗುವುದು ತೊಡೆಯ ಸ್ನಾಯು, ಮಂಡಿಚಿಪ್ಪಿನ ಮೇಲೆ ಒಳಬದಿಯಲ್ಲಿ ಅದು ಚೆನ್ನಾಗಿ ಕಾಣುತ್ತದೆ.

ಮುಟ್ಟುವಾಗ ಮೊದಲು ಕೈಯ ಹಿಂಬದಿ. ತೊಡೆ, ಮಂಡಿ, ಮೊಣಕಾಲ ಕೆಳಗೆ, ಹೀಗೆ ಇಳಿಸುತ್ತೇನೆ. ಸರಿಯಿರುವ ಮಂಡಿ ತೊಡೆಗಿಂತ ಸ್ವಲ್ಪ ತಣ್ಣಗೇ ಇರುತ್ತದೆ. ಹಾಗಾಗಿ ತೊಡೆಯಷ್ಟೇ ಬೆಚ್ಚಗಿದ್ದರೂ ಏನೋ ನಡೆಯುತ್ತಿದೆ ಅಂತ ಅರ್ಥ. ಒಳಗೆ ಸ್ವಲ್ಪ ನೀರಿದೆಯಾ ಅಂತ ನೋಡಲು ಮಂಡಿಚಿಪ್ಪಿನ ಒಳಬದಿಯ ಗುಳಿಯಿಂದ ಮೇಲಕ್ಕೆ ಒಮ್ಮೆ ಸವರಿ, ಆಮೇಲೆ ಹೊರಬದಿಯಲ್ಲಿ ಮೇಲಿನಿಂದ ಕೆಳಕ್ಕೆ ಸವರುತ್ತೇನೆ. ಒಳಬದಿಯ ಗುಳಿ ನಿಧಾನಕ್ಕೆ ಮತ್ತೆ ತುಂಬಿಕೊಂಡರೆ ನೀರಿದೆ. ಬೆಳಕು ಪಕ್ಕದಿಂದ ಬೀಳುವ ಹಾಗಿದ್ದರೆ ಚೆನ್ನಾಗಿ ಕಾಣುತ್ತದೆ, ನೆತ್ತಿಯ ಮೇಲಿನ ಟ್ಯೂಬ್‌ಲೈಟಿನಲ್ಲಿ ಕಷ್ಟ.

ಆಡಿಸುವುದರಲ್ಲಿ ನನ್ನ ನಿಯಮ ಸುಲಭ. ಚೆನ್ನಾಗಿರುವ ಬದಿ ಮೊದಲು, ಅತಿ ನೋಯುವ ಚಲನೆ ಕೊನೆಗೆ. ಮೊದಲು ಅವರೇ ಆಡಿಸಲಿ, ಆಮೇಲೆ ಅವರು ಸಡಿಲ ಬಿಟ್ಟಾಗ ನಾನು ಆಡಿಸುತ್ತೇನೆ, ಕೊನೆಗೆ ನಾನು ತಡೆಹಿಡಿದಾಗ ಅವರು ಬಲ ಹಾಕಲಿ. ಹೀಗೆ ಮೂರು ರೀತಿ ಬಿಡಿಸಿ ನೋಡುವುದನ್ನು ಶಿಸ್ತಾಗಿ ರೂಪಿಸಿದವರು ಜೇಮ್ಸ್ ಸಿರಿಯಾಕ್ಸ್ ಅನ್ನುವ ಬ್ರಿಟಿಷ್ ವೈದ್ಯ. ಲೆಕ್ಕ ಹೀಗಿದೆ: ಅವರು ಆಡಿಸಿದರೂ ಬರುವುದಿಲ್ಲ, ನಾನು ಆಡಿಸಿದರೂ ಬರುವುದಿಲ್ಲ ಅಂದರೆ ತೊಡಕು ಕೀಲಿನಲ್ಲೇ ಇದೆ. ಅವರಿಗೆ ಆಗುವುದಿಲ್ಲ, ನಾನು ಎತ್ತಿದರೆ ಸಲೀಸಾಗಿ ಹೋಗುತ್ತದೆ ಅಂದರೆ ಸ್ನಾಯು, ಟೆಂಡನ್ ಅಥವಾ ನರ. ಕೀಲು ಆಡದೆ ಬರೀ ಬಲ ಹಾಕಿದಾಗ ನೋಯಿತು ಅಂದರೆ ಆ ಟೆಂಡನ್ ಮೇಲೆ ಅನುಮಾನ.

ಇದು ಎಲ್ಲಕ್ಕಿಂತ ಚೆನ್ನಾಗಿ ಗೊತ್ತಾಗುವುದು ಭುಜದಲ್ಲಿ. ಕೈ ಮೇಲೆತ್ತಲು ಆಗುವುದಿಲ್ಲ ಅಂತ ಬರುವವರೆಲ್ಲ ತಮಗೆ ಫ್ರೋಜನ್ ಶೋಲ್ಡರ್, ಅಂದರೆ ಭುಜ ಬಿಗಿದುಹೋಗುವ ಕಾಯಿಲೆ, ಅಂತ ತಾವೇ ಹೇಳಿಕೊಂಡು ಬರುತ್ತಾರೆ. ನಾನು ಕೂರಿಸಿ, ಮೊಣಕೈಯನ್ನು 90 ಡಿಗ್ರಿ ಮಡಿಸಿ, ಪಕ್ಕೆಗೆ ಒತ್ತಿ ಹಿಡಿಯುತ್ತೇನೆ. ಮೊಣಕೈ ಪಕ್ಕೆಯಿಂದ ಜಾರಬಾರದು, ಬೆನ್ನು ತಿರುಗಬಾರದು. ಅವರ ಮಣಿಕಟ್ಟು ಹಿಡಿದು ಮುಂಗೈಯನ್ನು ನಿಧಾನಕ್ಕೆ ಹೊರಗೆ ತಿರುಗಿಸುತ್ತೇನೆ. ಒಳ್ಳೆಯ ಕಡೆ ಸಲೀಸಾಗಿ ಹೋಗುತ್ತದೆ. ನೋವಿನ ಕಡೆ ಸ್ವಲ್ಪ ದೂರ ಹೋಗಿ ಗಟ್ಟಿಯಾಗಿ ನಿಂತುಬಿಟ್ಟರೆ, ಮುಖ ನೋಡಿ "ಸಡಿಲ ಬಿಡಿ, ಉಸಿರು ಬಿಡಿ" ಅಂದರೂ ಮುಂದೆ ಹೋಗದಿದ್ದರೆ, ಅದು ಕೀಲಿನ ಚೀಲವೇ ಬಿಗಿದುಕೊಂಡಿದೆ ಅನ್ನುವ ಗುರುತು. ಫ್ರೋಜನ್ ಶೋಲ್ಡರಿನಲ್ಲಿ ಹೊರತಿರುವು ಅತಿ ಜಾಸ್ತಿ ಕಡಿಮೆಯಾಗುತ್ತದೆ, ಆಮೇಲೆ ಪಕ್ಕಕ್ಕೆ ಎತ್ತುವುದು, ಆಮೇಲೆ ಒಳತಿರುವು. ಸಕ್ಕರೆ ಕಾಯಿಲೆ ಇದ್ದವರಲ್ಲಿ ಇದು ಹೆಚ್ಚು, ಹಾಗಾಗಿ ಶುಗರ್ ನೋಡಿಸಿದ್ದೀರಾ ಅಂತಲೂ ಕೇಳುತ್ತೇನೆ. ಕೀಲು ಸವೆದಿದ್ದರೂ ಹೊರತಿರುವು ಹೋಗುತ್ತದೆ. ಫಿಟ್ಸ್ ಬಂದ ಮೇಲೆ ಅಥವಾ ಕರೆಂಟ್ ಹೊಡೆದ ಮೇಲೆ ಭುಜ ಹಿಂದಕ್ಕೆ ಜಾರಿ ಕೂತಿದ್ದರೂ ಹೋಗುತ್ತದೆ. ಆದ್ದರಿಂದ ಒಂದು ಸಾದಾ ಎಕ್ಸ್-ರೇ ಬೇಕೇ ಬೇಕು.

ಹೊರತಿರುವು ಪೂರ್ತಿ ಹೋಗುತ್ತದೆ, ಆದರೆ ಕೈಯನ್ನು ಪಕ್ಕದಿಂದ ಎತ್ತುವಾಗ ಸುಮಾರು 60ರಿಂದ 120 ಡಿಗ್ರಿ ಮಧ್ಯೆ ಮಾತ್ರ ಚುಚ್ಚುತ್ತದೆ, ಮೇಲೆ ಹೋದರೆ ಕಡಿಮೆ ಅಂದರೆ ಭುಜದ ಕೀಲನ್ನು ಸುತ್ತುವರಿದ ರೊಟೇಟರ್ ಕಫ್ ಟೆಂಡನ್ ಅನುಮಾನ. ಪೂರ್ತಿ ಮೇಲೆತ್ತಿದಾಗ ಕೊನೆಯಲ್ಲಿ ಮಾತ್ರ ನೋವು, ಅದೂ ಹೆಗಲ ತುದಿಯ ಮೂಳೆ ಮೇಲೆ ಅಂದರೆ ಅಲ್ಲಿರುವ ಚಿಕ್ಕ ಎಸಿ ಕೀಲು. ಕೈಯನ್ನು ನಾನು ಎತ್ತಿ ಬಿಟ್ಟರೆ ಧೊಪ್ಪನೆ ಬೀಳುತ್ತದೆ ಅಂದರೆ ಟೆಂಡನ್ ದೊಡ್ಡದಾಗಿ ಹರಿದಿರಬಹುದು.

ಮಂಡಿ ನೋವಿನವರಲ್ಲಿ ನಾನು ಸೊಂಟದ ಕೀಲನ್ನು ನೋಡದೆ ಬಿಡುವುದಿಲ್ಲ. "ಡಾಕ್ಟ್ರೇ, ನೋವು ಮಂಡಿಯಲ್ಲಿ" ಅಂತ ನೆನಪಿಸುತ್ತಾರೆ. ಇರಲಿ ಅಂತ ಮಲಗಿಸಿ, ಮಂಡಿ ಮಡಿಸಿ, ಪಾದವನ್ನು ಹೊರಗೆ ತಳ್ಳಿ ತೊಡೆಯನ್ನು ಒಳಕ್ಕೆ ತಿರುಗಿಸುತ್ತೇನೆ. ಆಗ ಮಂಡಿ ನೋವು ಎದ್ದುಬಂದರೆ, ತಿರುವು ಎದುರು ಬದಿಗಿಂತ ತೀರಾ ಕಡಿಮೆಯಿದ್ದರೆ, ತೊಂದರೆ ಮೇಲಿದೆ. ಎರಡೂ ಕೀಲುಗಳಿಗೆ ಹೋಗುವ ನರಗಳು ಒಂದೇ. ಸೊಂಟದ ಕೀಲು ಸವೆಯುವಾಗ ಮೊದಲು ಕುಗ್ಗುವುದು ಈ ಒಳತಿರುವೇ. ಹತ್ತು ದಾಟಿದ ಮಕ್ಕಳು ಮಂಡಿ ನೋವು ಅಂತ ಕುಂಟುತ್ತಾ ಬಂದರೆ ಇನ್ನೂ ಎಚ್ಚರ ಬೇಕು. ತೊಡೆ ಮಡಿಸಿದಾಗ ಕಾಲು ತಾನಾಗಿಯೇ ಹೊರಕ್ಕೆ ತಿರುಗಿಕೊಂಡರೆ ತೊಡೆಮೂಳೆಯ ತಲೆ ಬೆಳೆಯುವ ಜಾಗದಲ್ಲಿ ಜಾರಿರಬಹುದು. ಅಂಥ ಮಗುವನ್ನು ನಡೆಸಬಾರದು, ಕೂಡಲೇ ಎಕ್ಸ್-ರೇ.

ಎಸಿಎಲ್ ಅನುಮಾನ ಇದ್ದರೆ ನಾನು ನಂಬುವುದು ಲ್ಯಾಕ್‌ಮನ್ ಟೆಸ್ಟನ್ನು. ಇದರ ವಿವರ 1976ರಲ್ಲಿ ಪ್ರಕಟವಾಯಿತು. ಮಂಡಿಯನ್ನು 20ರಿಂದ 30 ಡಿಗ್ರಿಯಷ್ಟೇ ಮಡಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಇನ್ನೊಂದರಲ್ಲಿ ಕೆಳಗಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತೇನೆ. ಎಷ್ಟು ಮುಂದೆ ಬಂತು ಅನ್ನುವುದಕ್ಕಿಂತ ಹೇಗೆ ನಿಂತಿತು ಅನ್ನುವುದು ಮುಖ್ಯ. ಲಿಗಮೆಂಟ್ ಇದ್ದರೆ ಎಳೆದ ಹಗ್ಗ ತಟ್ಟನೆ ಬಿಗಿಯಾದ ಹಾಗೆ ನಿಲ್ಲುತ್ತದೆ. ಹರಿದಿದ್ದರೆ ಆ ತಡೆಯೇ ಸಿಗುವುದಿಲ್ಲ, ಮೆತ್ತಗೆ ಸಾಗುತ್ತದೆ. 90 ಡಿಗ್ರಿ ಮಡಿಸಿ ಎಳೆಯುವ ಹಳೆಯ ಟೆಸ್ಟ್ ಊದಿದ ಮಂಡಿಯಲ್ಲಿ ಆಗುವುದೇ ಇಲ್ಲ. ಹಿಂದೊಡೆಯ ಸ್ನಾಯು ನೋವಿಗೆ ಹಿಡಿದುಕೊಂಡು ಹರಿದ ಲಿಗಮೆಂಟನ್ನೂ ಮುಚ್ಚಿಬಿಡುತ್ತದೆ. ನನ್ನ ಕೈ ಚಿಕ್ಕದು, ದೊಡ್ಡ ತೊಡೆ ಹಿಡಿತಕ್ಕೆ ಸಿಗುವುದಿಲ್ಲ. ಆಗ ನನ್ನ ಮಂಡಿಯನ್ನು ಅವರ ತೊಡೆಯ ಕೆಳಗೆ ಇಟ್ಟು, ಮೇಲಿನಿಂದ ಕೈಯಲ್ಲಿ ಒತ್ತಿ ಹಿಡಿಯುತ್ತೇನೆ. ಮೆನಿಸ್ಕಸ್‌ಗೆ ಕಾಲು ತಿರುಚಿ ಸದ್ದು ಹುಡುಕುವ ಮೆಕ್‌ಮರ್ರಿ ಟೆಸ್ಟಿಗಿಂತ ಕೀಲಿನ ಗೆರೆಯ ಮೇಲೆ ಬೆರಳಿಟ್ಟು ಒತ್ತಿ ನೋಡುವುದು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ.

ಕಣಕಾಲು ಉಳುಕಿದಾಗ ಎಲ್ಲರಿಗೂ ಎಕ್ಸ್-ರೇ ಬೇಕಿಲ್ಲ. ಕೆನಡಾದ ಒಟ್ಟಾವಾದಲ್ಲಿ ಇಯಾನ್ ಸ್ಟೀಲ್ ಮತ್ತು ಜೊತೆಗಾರರು 1992ರಲ್ಲಿ ಕೊಟ್ಟ ನಿಯಮ ಇದಕ್ಕೇ ಇರುವುದು. ಒಳಗೆ, ಹೊರಗೆ ಉಬ್ಬಿರುವ ಎರಡು ಗೆಣ್ಣುಗಳ ತುದಿ ಮತ್ತು ಹಿಂಬದಿ ಅಂಚಿನ ಕೆಳಗಿನ 6 ಸೆಂಟಿಮೀಟರ್ ಒತ್ತಿ ನೋಡಬೇಕು. ಪಾದದಲ್ಲಿ ಒಳಬದಿಯ ನ್ಯಾವಿಕ್ಯುಲರ್ ಮೂಳೆ, ಹೊರಬದಿಯಲ್ಲಿ ಐದನೇ ಮೆಟಟಾರ್ಸಲ್ ಮೂಳೆಯ ಬುಡ. ಇಲ್ಲೆಲ್ಲಾದರೂ ಮೂಳೆ ಮೇಲೇ ನೋವಿದ್ದರೆ ಎಕ್ಸ್-ರೇ. ಬಿದ್ದ ಕೂಡಲೇನೂ, ಈಗ ನನ್ನೆದುರೂ 4 ಹೆಜ್ಜೆ ಊರಲು ಆಗಲಿಲ್ಲ ಅಂದರೂ ಎಕ್ಸ್-ರೇ. ಕುಂಟಿಕೊಂಡು ಹಾಕಿದರೂ ಹೆಜ್ಜೆಯೇ. ಕಾಲಿನಲ್ಲಿ ಸ್ಪರ್ಶವೇ ಸರಿಯಿಲ್ಲದವರಿಗೆ ಈ ನಿಯಮ ನಂಬಬೇಡಿ. ಹಿಮ್ಮಡಿಯ ಹಿಂದೆ ಯಾರೋ ಒದ್ದ ಹಾಗಾಯಿತು ಅಂದವರನ್ನು ಬೋರಲು ಮಲಗಿಸಿ ಮೀನಖಂಡ ಹಿಸುಕುತ್ತೇನೆ. ಪಾದ ಅಲ್ಲಾಡದಿದ್ದರೆ ಅಕಿಲಿಸ್ ಟೆಂಡನ್ ಹರಿದಿದೆ.

ಸೊಂಟ ನೋವಿನಲ್ಲಿ ಕಾಲನ್ನು ನೇರವಾಗಿ ಎತ್ತಿ ನೋಡುವ ಟೆಸ್ಟ್ ಎಲ್ಲರಿಗೂ ಗೊತ್ತು, ಆದರೆ ಅರ್ಥ ಮಾಡಿಕೊಳ್ಳುವುದರಲ್ಲಿ ಎಡವುತ್ತಾರೆ. ತೊಡೆಯ ಹಿಂದೆ ಬಿಗಿಯುವುದು ಲೆಕ್ಕಕ್ಕಿಲ್ಲ, ಅದು ಸ್ನಾಯು. 30ರಿಂದ 70 ಡಿಗ್ರಿ ಒಳಗೆ ಮಂಡಿ ದಾಟಿ ಕೆಳಗೆ ಸೆಳೆದರೆ, ಪಾದವನ್ನು ಮೇಲಕ್ಕೆ ಮಡಿಸಿದಾಗ ಜಾಸ್ತಿಯಾದರೆ, ಆಗ ನರ. ಒಳ್ಳೆಯ ಕಾಲು ಎತ್ತಿದಾಗ ನೋವಿನ ಕಾಲಲ್ಲಿ ಸೆಳೆದರೆ ಡಿಸ್ಕ್ ನರವನ್ನು ಒತ್ತುತ್ತಿದೆ ಅನ್ನುವುದಕ್ಕೆ ಬಲವಾದ ಸಾಕ್ಷಿ. ಆಮೇಲೆ ಹೆಬ್ಬೆರಳು ಮೇಲೆತ್ತುವ ಬಲ, ಒಂಟಿಕಾಲಲ್ಲಿ ತುದಿಬೆರಳ ಮೇಲೆ ಏಳುವ ಬಲ, ಮಂಡಿ ಮತ್ತು ಹಿಮ್ಮಡಿಯ ರಿಫ್ಲೆಕ್ಸ್. ಬಲ ದಿನದಿಂದ ದಿನಕ್ಕೆ ಇಳಿಯುತ್ತಿದ್ದರೆ ಕಾಯುವಂತಿಲ್ಲ.

ಕೈ ಜೋಮು ಹಿಡಿಯುತ್ತದೆ ಅಂದವರಲ್ಲಿ ನಾನು ಕೇಳುವುದು ಕಿರುಬೆರಳಿನ ಬಗ್ಗೆ. ಮಣಿಕಟ್ಟಿನಲ್ಲಿ ನರ ಒತ್ತಿಕೊಳ್ಳುವ ಕಾರ್ಪಲ್ ಟನಲ್‌ ತೊಂದರೆಯಲ್ಲಿ ಕಿರುಬೆರಳು ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ರಾತ್ರಿ ಎದ್ದು ಕೈ ಒದರುತ್ತೇನೆ ಅಂದರೆ ಅದೇ ಅಂತ ಅಂದಾಜು. ಮಣಿಕಟ್ಟನ್ನು 60 ಸೆಕೆಂಡ್ ಮಡಿಸಿ ಹಿಡಿಸಿದಾಗ ಅದೇ ಜೋಮು ಬಂದರೆ ಅಂದಾಜು ಖಚಿತವಾಗುತ್ತಾ ಹೋಗುತ್ತದೆ.

ಇಷ್ಟಾದ ಮೇಲೆ ಎಂಆರ್‌ಐ ರಿಪೋರ್ಟ್ ಕೈಗೆ ತೆಗೆದುಕೊಳ್ಳುತ್ತೇನೆ, ಮೊದಲೇ ಅಲ್ಲ. ನೋವೇ ಇಲ್ಲದವರ ಸ್ಕ್ಯಾನಿನಲ್ಲೂ ಡಿಸ್ಕ್ ಉಬ್ಬಿರುವುದು, ಭುಜದ ಟೆಂಡನ್ ಹರಿದಿರುವುದು ಕಾಣಿಸುತ್ತದೆ. ವಯಸ್ಸಾದಷ್ಟೂ ಜಾಸ್ತಿ. ನನ್ನ ಕೈಗೆ ಸಿಕ್ಕಿದ್ದು, ಚಿತ್ರದಲ್ಲಿರುವುದು ಒಂದಕ್ಕೊಂದು ಹೊಂದದಿದ್ದರೆ ಕಳಿಸಿದ ಡಾಕ್ಟರಿಗೆ ಫೋನ್ ಮಾಡುತ್ತೇನೆ.

ನೋಟ್ಸ್‌ನಲ್ಲಿ "ಚಲನೆ ಕಡಿಮೆ" ಅಂತ ಬರೆದರೆ ಯಾರಿಗೂ ಉಪಯೋಗವಿಲ್ಲ. "ಹೊರತಿರುವು, ನಾನು ಆಡಿಸಿದಾಗ, ಬಲ 20, ಎಡ 70, ಕೂತು" ಅಂತ ಬರೆಯುತ್ತೇನೆ. ಮುಂದಿನ ಸಲ ಅದೇ ಭಂಗಿಯಲ್ಲಿ, ಕೋನ ಅಳೆಯುವ ಅದೇ ಗೋನಿಯೋಮೀಟರಿನಲ್ಲಿ ಅಳೆಯುತ್ತೇನೆ. 5 ಡಿಗ್ರಿಯೊಳಗಿನ ವ್ಯತ್ಯಾಸ ಬಂದರೆ ಅದನ್ನು ಗುಣ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಅಳತೆಯಲ್ಲೇ ಅಷ್ಟು ಹೆಚ್ಚುಕಡಿಮೆ ಇರುತ್ತದೆ.